ಸಣ್ಣ ಎಲೆಗಳ ಕಟ್ಟು

ನಿಮ್ಮ ಅಜ್ಜಿಯ ಅಜ್ಜಿಗೂ ನೆನಪಿಲ್ಲದಷ್ಟು ಹಿಂದೆ, ಬೆಟ್ಟಗಳ ನಡುವೆ ಹೇಮಗಿರಿ ಅನ್ನುವ ರಾಜ್ಯವಿತ್ತು. ಅದಕ್ಕೊಬ್ಬ ರಾಜನಿದ್ದ. ಒಳ್ಳೆಯವನೇ, ಆದರೆ ಗಂಜೀಫ ಅನ್ನುವ, ಇಸ್ಪೀಟಿನಂಥ ಎಲೆಯಾಟದ ಹುಚ್ಚು. ಆ ದುಂಡನೆಯ ಎಲೆಗಳನ್ನು ಕೈಯಲ್ಲಿ ಹಿಡಿದರೆ ಅವನಿಗೆ ಊಟವೂ ಬೇಡ, ನಿದ್ದೆಯೂ ಬೇಡ. ಒಂದು ದಿನ ಕರಾಳದತ್ತ ಅನ್ನುವ ಮಾಂತ್ರಿಕ ಅತಿಥಿಯಾಗಿ ಬಂದ. "ಮಹಾರಾಜ, ಒಂದಾಟ ಆಡೋಣವೇ?" ಅಂದ. ಆಡಿದರು. ರಾಜ ಸೋತ. ಸೋತವನು ಎಲ್ಲರ ಕಣ್ಣೆದುರಿಗೇ ಮಾಯವಾದ. ಕರಾಳದತ್ತ ಸಿಂಹಾಸನ ಹತ್ತಿ ಕೂತ.

ಕೂತವನು ಡಂಗುರ ಹೊಡೆಸಿದ. ತನ್ನನ್ನು ಸೋಲಿಸಿದವರಿಗೆ ರಾಜ್ಯ ಬಿಟ್ಟು ಹೋಗುತ್ತಾನಂತೆ, ಸೆರೆಯಲ್ಲಿರುವವರನ್ನೂ ಬಿಡುತ್ತಾನಂತೆ. ಅಲ್ಲಿಯವರೆಗೆ ಸುಗ್ಗಿಗೆ ಸುಗ್ಗಿ ಒಂದೊಂದು ಕೇರಿಯಿಂದ ಒಬ್ಬೊಬ್ಬರು ಅರಮನೆಗೆ ಬಂದು ಆಡಬೇಕು. ಹೋದವರು ಒಬ್ಬರೂ ಹಿಂದಕ್ಕೆ ಬರಲಿಲ್ಲ. ಅರಮನೆಯ ನೆಲಮಾಳಿಗೆಯಲ್ಲಿ ಬಿದ್ದಿದ್ದಾರೆ ಅಂತ ಜನ ಅಂದುಕೊಂಡರು. ಹಾಗಂದುಕೊಳ್ಳದಿದ್ದರೆ ಅನ್ನ ಗಂಟಲಲ್ಲಿ ಇಳಿಯಬೇಕಲ್ಲ.

ಆಟ ಹೀಗೆ. ಇಬ್ಬರು ಆಟಗಾರರು, ಒಬ್ಬೊಬ್ಬರಿಗೆ ಒಂದೊಂದು ಎಲೆಯ ಕಟ್ಟು, ಎದುರಿಗೆ ಹತ್ತು ಬತ್ತಿಯ ಒಂದೊಂದು ದೀಪ. ಎಲೆಗಳ ಮೇಲೆ ಬರೆದಿರುವುದು ಹೆಚ್ಚಾಗಿ ಪ್ರಾಣಿಗಳು, ಕೆಲವದರ ಮೇಲೆ ದೀಪ ಕಾಯುವ ಗೋಡೆ, ಬೇಲಿ. ಅವು ಎಚ್ಚರವಾಗಬೇಕಾದರೆ ಆಟಗಾರನ ರಕ್ತ ಬೇಕು. ಮೊದಲ ಸುತ್ತಿನಲ್ಲಿ ಒಂದು ಹನಿ ಕೊಡಬಹುದು, ಎರಡನೆಯದರಲ್ಲಿ ಎರಡು, ಹೀಗೆ ಏರುತ್ತದೆ. ಇರುವೆ ಒಂದು ಹನಿಗೆ ಏಳುತ್ತದೆ, ಮುಂಗುಸಿ ಎರಡಕ್ಕೆ. ಸಿಂಹಕ್ಕೆ ನಾಲ್ಕು ಬೇಕು, ಆನೆಗೆ ಐದು. ಹೊರಗೆ ಆಡಿದರೆ ಅವು ಬರೀ ಚಿತ್ರ, ಅರಮನೆಯೊಳಗೆ ಎಚ್ಚರವಾದ ಪ್ರಾಣಿಗೆ ನಿಜವಾದ ಮೈ ಬರುತ್ತದೆ, ಎದುರಾಳಿಯ ದೀಪಕ್ಕೆ ಹಾರಿ ಬತ್ತಿ ಆರಿಸುತ್ತದೆ. ದಾರಿಯಲ್ಲಿ ದೊಡ್ಡ ಪ್ರಾಣಿ ಅಡ್ಡ ನಿಂತರೆ ಸಣ್ಣದು ಸಾಯುತ್ತದೆ, ಅದರ ಎಲೆ ಹರಿಯುತ್ತದೆ. ಯಾರ ದೀಪ ಪೂರ್ತಿ ಆರಿತೋ ಅವರು ಸೋತರು.

ಎಲೆಗಳು ಬರುತ್ತಿದ್ದದ್ದು ಅರಮನೆಯಿಂದಲೇ. ಪ್ರತಿ ಸುಗ್ಗಿಯ ಆಟ ಮುಗಿದ ಮೇಲೆ ಕೋಟೆಯ ಮೇಲಿಂದ ಬುಟ್ಟಿ ಬುಟ್ಟಿ ಎಲೆ ಸುರಿಯುತ್ತಿದ್ದರು. ಜನ ಮುಗಿಬಿದ್ದು ಆರಿಸಿಕೊಳ್ಳುತ್ತಿದ್ದರು. ಹುಲಿಯೋ ಸಿಂಹವೋ ಸಿಕ್ಕವನ ಅದೃಷ್ಟವೇ ಅದೃಷ್ಟ, ಪೇಟೆಯಲ್ಲಿ ಒಂದು ಸಿಂಹಕ್ಕೆ ಕರೆಯುವ ಹಸು ಬಿಚ್ಚಿ ಕೊಡುತ್ತಿದ್ದರು. ಇರುವೆ, ಕಣಜ, ಇಲಿಗಳನ್ನು ಕೇಳುವವರೇ ಇರಲಿಲ್ಲ. ಅವನ್ನು ಒಲೆ ಹೊತ್ತಿಸಲು ಬಳಸುತ್ತಿದ್ದರು.

ಅರಮನೆಯ ಎದುರಿಗೆ ಒಂದು ಛತ್ರ. ಆಡಲು ಬಂದವರು ಅಲ್ಲಿ ತಂಗುತ್ತಿದ್ದರು. ಅಲ್ಲಿ ಅಡುಗೆ ಮಾಡುತ್ತಿದ್ದವಳು ದೇವೀರಿ. ಅವಳ ತಾಯಿ ಸಾಕವ್ವ ಹಿಂದಿನ ಸುಗ್ಗಿಯಲ್ಲಿ ಕೇರಿಯ ಪರವಾಗಿ ಆಡಲು ಹೋಗಿದ್ದಳು. ಹೋಗುವಾಗ, "ಸಾರಿಗೆ ಒಗ್ಗರಣೆ ಹಾಕಿಲ್ಲ, ಹಾಕ್ಬುಡು" ಅಂದಿದ್ದಳು, ಸಂಜೆಗೆ ಬರುವವಳ ಹಾಗೆ. ಈ ಸುಗ್ಗಿಗೆ ಯಾರು ಹೋಗಬೇಕು ಅಂತ ಕೇರಿಯವರು ಎತ್ತಿದ ಚೀಟಿ ಮಗಳ ಹೆಸರಿಗೇ ಬಂತು. ದೇವೀರಿ ಅಳಲಿಲ್ಲ. ಅವ್ವನನ್ನು ಕರೆದುಕೊಂಡು ಬರಲು ಇದೊಂದೇ ದಾರಿ ಅಂತ ಅವಳಿಗೆ ಗೊತ್ತಿತ್ತು.

ಕೇರಿಯವರು ಹೊಟ್ಟೆ ಬಟ್ಟೆ ಕಟ್ಟಿ ಅವಳಿಗೊಂದು ಸಿಂಹದ ಎಲೆ ತಂದುಕೊಟ್ಟರು. ದೇವೀರಿ ಅದನ್ನು ಎತ್ತಿಕೊಂಡು ಎಲೆಪೇಟೆಯ ಗುಜ್ಜಶೆಟ್ಟಿಯ ಅಂಗಡಿಗೆ ಹೋದಳು.

"ಶೆಟ್ರೇ, ಇದನ್ನ ಇಟ್ಕೊಂಡು ಸಣ್ಣ ಎಲೆ ಕೊಡಿ."

"ಎಷ್ಟು ಕೊಡ್ಲವ್ವ?"

"ಇರೋವಷ್ಟೂ."

ಶೆಟ್ಟಿ ಅವಳನ್ನು ಮೇಲಿಂದ ಕೆಳಗೆ ನೋಡಿದ. "ಸಿಂಹ ಕೊಟ್ಟು ಇರುವೆ ತಗೋತೀಯಾ? ಒಲೆ ಮುಂದೆ ಕೂತು ಕೂತು ತಲೆ ಬಿಸಿ ಆಗ್ಬುಟ್ಟದೆ ಕಣಮ್ಮ ನಿಂಗೆ."

"ಛತ್ರದಲ್ಲಿ ಅಭ್ಯಾಸಕ್ಕೆ ಆಡೋ ಎಷ್ಟು ಜನರ ಆಟ ನೋಡಿದೀನಿ ಶೆಟ್ರೇ. ಎಲ್ರೂ ಸೋತಾಗ ಕೈಯಲ್ಲಿ ಸಿಂಹ ಇಟ್ಕೊಂಡೇ ಸೋತಿರ್ತಾರೆ. ಅದು ಏಳೋ ಹೊತ್ಗೆ ದೀಪ ಆರೋಗಿರ್ತದೆ. ಕರಾಳದತ್ತನ ಹತ್ರ ಆನೆ ಅದೆಯಂತೆ. ಐದನೇ ಸುತ್ತಿಗೆ ಅದು ಎದ್ದರೆ ಯಾರ ಕೈಲೂ ಆಗಕಿಲ್ಲ. ಅದ್ಕೇ ಐದನೇ ಸುತ್ತು ಬರಲೇಬಾರದು."

ಶೆಟ್ಟಿ ಒಂದು ಮೂಟೆ ಕೊಟ್ಟ. ಪಾಪ ಅನ್ನಿಸಿ, ದೀಪ ಕಾಯುವ ಒಂದು ಆಮೆಯನ್ನೂ ಮೇಲೆ ಹಾಕಿದ. ದೇವೀರಿ ಆಮೆಯನ್ನು ವಾಪಸು ಇಟ್ಟಳು. ಆಮೆ ಕೈಗೆ ಬಂದ ಸುತ್ತಿನಲ್ಲಿ ಕಣಜ ಬಂದಿರುವುದಿಲ್ಲ, ಅಷ್ಟೇ ಲೆಕ್ಕ.

ಹೀಗೆ ಕಟ್ಟು ಕಟ್ಟಿದಳು. ಬೇಗ ಏಳುವ ಇರುವೆ, ಕಣಜ, ಇಲಿ, ಮುಂಗುಸಿ. ಮೂರು ಹನಿಗಿಂತ ಹೆಚ್ಚು ಕೇಳುವ ಯಾವುದೂ ಬೇಡ. ಕಾಯುವ ಎಲೆ ಒಂದೂ ಬೇಡ. ಕೊನೆಯದಾಗಿ ಮೂಟೆಯ ತಳದಲ್ಲಿ ಒಂದು ಹೆಜ್ಜೇನು ಸಿಕ್ಕಿತು. ಒಂದೇ ಹನಿಗೆ ಏಳುತ್ತದೆ, ಒಂದೇ ಏಟಿಗೆ ಎರಡು ಬತ್ತಿ ಆರಿಸುತ್ತದೆ, ಆದರೆ ಕುಟುಕಿದ ಮೇಲೆ ತಾನೂ ಉಳಿಯುವುದಿಲ್ಲ. ಇಂಥದ್ದೇ ಬೇಕಿತ್ತು ಅಂತ ಸೇರಿಸಿದಳು. ಛತ್ರದ ಆಟಗಾರರ ಜೊತೆ ಆಡಿ ನೋಡಿದಳು. ಅವರ ಸಿಂಹಗಳು ಮಲಗಿದ್ದ ಹಾಗೇ ಅವರು ಸೋತರು. ಉಳಿದ ಎಲೆಗಳನ್ನು ಎಂದಿನಂತೆ ಒಲೆಗೆ ಹಾಕಿ ಬೆಳಗಿನ ಅಂಬಲಿ ಕಾಯಿಸಿದಳು.

ಅರಮನೆಗೆ ಮೂರು ಬಾಗಿಲು. ಮೊದಲನೆಯದರಲ್ಲಿ ಮೊಸಳೆಮೂತಿಯ ಕಾವಲುಗಾರ ಕೂತಿದ್ದ. ಅವನ ಕಟ್ಟಿನ ತುಂಬ ಆಮೆ, ಕಲ್ಲುಗೋಡೆ, ಮುಳ್ಳುಬೇಲಿ. "ನಿಧಾನ ಆಡಮ್ಮ, ಹೊತ್ತದೆ" ಅಂದ. ದೇವೀರಿ ಮೊದಲ ಸುತ್ತಿಗೇ ಇರುವೆ ಬಿಟ್ಟಳು, ಎರಡಕ್ಕೆ ಮುಂಗುಸಿ, ಮೂರಕ್ಕೆ ಕಣಜಗಳು. ಅವನ ಗೋಡೆ ಎದೆಮಟ್ಟ ಬರುವ ಮೊದಲೇ ದೀಪ ಆರಿತು. ಮೊಸಳೆಮೂತಿ ಬಾಯಿ ತೆರೆದುಕೊಂಡೇ ಉಳಿದ. ದೇವೀರಿಯ ಒಂದು ಎಲೆಯೂ ಹರಿದಿರಲಿಲ್ಲ. ನಗುತ್ತಾ ಒಳಗೆ ಹೋದಳು.

ಎರಡನೆಯ ಬಾಗಿಲಲ್ಲಿ ಒಂದು ಮುದಿ ಕರಡಿ. ಅದರ ಕಾಡುಹಂದಿಗಳು ಎರಡನೇ ಸುತ್ತಿಗೇ ಎದ್ದು ದೀಪದ ಮುಂದೆ ನಿಂತವು. ಮೃಗ ನೋಡಬೇಡ, ದೀಪ ನೋಡು ಅಂತ ದೇವೀರಿ ತನಗೆ ತಾನೇ ಹೇಳಿಕೊಂಡು ಎಲ್ಲವನ್ನೂ ಒಟ್ಟಿಗೇ ನುಗ್ಗಿಸಿದಳು. ನಾಲ್ಕನೇ ಸುತ್ತಿನಲ್ಲಿ ಅವು ದೀಪ ಆರಿಸಿಯೇ ಬಿಟ್ಟವು. ಆದರೆ ನಡುವೆ ಒಂದು ಮುಂಗುಸಿ ಹಂದಿಯ ಕೋರೆಗೆ ಸಿಕ್ಕಿತು. ಎಲೆ ಹರಿಯಿತು. ಹರಿದ ಎಲೆ ಹೆಂಗಸಿನ ದನಿಯಲ್ಲಿ ಕೂಗಿತು.

"ಅಯ್ಯೋ ದೇವೀರಿ, ನಾನು ಕಣೇ, ಹೊನ್ನಿ!"

ನೆಲದ ಮೇಲೆ ಹಸಿರು ಬಳೆಯ ಚೂರು ಬಿದ್ದಿತ್ತು. ಹೊನ್ನಿ ಅವರ ಕೇರಿಯ ಬಳೆಗಾರ್ತಿ. ಅವ್ವನಿಗಿಂತ ಒಂದು ಸುಗ್ಗಿ ಮೊದಲು ಆಡಲು ಹೋದವಳು.

"ನೆಲಮಾಳಿಗೆ ಖಾಲಿ ಕಣಮ್ಮ" ಅಂತು ಕರಡಿ. "ಸೋತೋರೆಲ್ಲ ಎಲೆ ಆಯ್ತಾರೆ. ದೊಡ್ಡೋರು ಆನೆ, ಸಿಂಹ ಆಯ್ತಾರೆ, ಬಡವರು ಇರುವೆ, ಇಲಿ. ಅವನಿಗೆ ಬೇಕಾದ್ದು ಇಟ್ಕೊಂಡು ಬೇಡದ್ದನ್ನ ಕೋಟೆ ಮೇಲಿಂದ ಸುರೀತಾನೆ."

ದೇವೀರಿ ಬಳೆಯ ಚೂರನ್ನು ಎತ್ತಿಕೊಂಡಳು. ಛತ್ರದ ಒಲೆ ಕಣ್ಣಮುಂದೆ ಬಂತು. ಹಿಡಿ ಹಿಡಿ ಎಲೆ. ಸಣ್ಣ ಎಲೆ ಬೇಗ ಹತ್ತಿಕೊಳ್ಳುತ್ತದೆ ಅಂತ ಅಕ್ಕಪಕ್ಕದ ಮನೆಯವರಿಗೆ ಹೇಳಿಕೊಟ್ಟವಳೂ ಅವಳೇ. ಈ ಬೆಳಿಗ್ಗೆ ಕುಡಿದ ಅಂಬಲಿಯೆಲ್ಲ ಹೊರಗೆ ಬಂತು.

"ಇದನ್ಯಾಕೆ ನಂಗೆ ಹೇಳ್ದೆ?" ಅಂತ ಕೂಗಿದಳು.

"ಹೇಳೋದೇ ನನ್ನ ಕೆಲಸ. ಇಲ್ಲೀಗಂಟ ಬಂದೋರಿಗೆಲ್ಲ ಹೇಳಬೇಕು ಅಂತ ಅವನ ಅಪ್ಪಣೆ. ತಿಳಿದೋರು ಎಲೆಗಳನ್ನ ಬಿಡದೆ ಬಚ್ಚಿಟ್ಕೋತಾರೆ. ಐದನೇ ಸುತ್ತು ಬತ್ತದೆ. ಆನೆ ಏಳ್ತದೆ." ಕರಡಿ ತಲೆ ತಗ್ಗಿಸಿತು. "ಇನ್ನು ಅವು ನಿನ್ನ ಹತ್ರ ಮಾತಾಡ್ತವೆ. ತಿಳಿದೋರಿಗೆ ಮಾತ್ರ ಕೇಳ್ಸೋದು."

ದೇವೀರಿ ಕಟ್ಟನ್ನು ಎದೆಗೆ ಅವಚಿಕೊಂಡಳು. ಒಳಗಿಂದ ಪಿಸುಮಾತು ಎದ್ದಿತು. "ನನ್ನ ಮೊದ್ಲು ಬಿಡವ್ವ" ಅಂದಿತು ಒಂದು ಇರುವೆ. "ಮೂಟೇಲಿ ಬಿದ್ದು ಬಿದ್ದು ಸಾಕಾಗೋಯ್ತು, ಸತ್ರೂ ಓಡ್ತಾ ಸಾಯ್ತೀನಿ" ಅಂದಿತು ಒಂದು ಇಲಿ. "ನಮ್ಮನ್ನ ಕಾಯಬ್ಯಾಡ, ಬೇಗ ಮುಗ್ಸು" ಅಂದವು ಕಣಜಗಳು.

"ಅವ್ವಾ, ನೀನಿದೀಯಾ ಇದ್ರಾಗೆ?" ಅಂತ ದೇವೀರಿ ಕೇಳಿದಳು. ಯಾವ ಎಲೆಯೂ ಉತ್ತರ ಕೊಡಲಿಲ್ಲ. ಅವಳಿಗೆ ಸ್ವಲ್ಪ ಸಮಾಧಾನವಾಯಿತು. ಆಮೇಲೆ ಇನ್ನೊಂದು ಯೋಚನೆ ಬಂತು, ಛತ್ರದ ಒಲೆಯ ಯೋಚನೆ. ಅದನ್ನು ತಳ್ಳಿಹಾಕಿ ಮೂರನೆಯ ಬಾಗಿಲು ದಾಟಿದಳು.

ಕರಾಳದತ್ತ ಸಣ್ಣ ಮೈಯ, ಮೆಲುಮಾತಿನ ಮನುಷ್ಯ. "ಬಾ ಮಗಳೇ, ಕೂತುಕೋ. ಬೆರಳಿಗೆ ಬೇಕಾದರೆ ಬಟ್ಟೆ ಕಟ್ಟಿಕೋ" ಅಂದ.

ಮೊದಲ ಸುತ್ತಿಗೆ ಇರುವೆ ಓಡಿತು, ಒಂದು ಬತ್ತಿ ಆರಿತು. ಎರಡನೆಯದಕ್ಕೆ ಮುಂಗುಸಿ. ಮೂರನೆಯದಕ್ಕೆ ಕಣಜಗಳು. ಅವನ ಚಿರತೆ ಅಡ್ಡ ಬಂದು ಇಬ್ಬರನ್ನು ಹರಿದುಹಾಕಿತು. ಸಾಯುವಾಗ ಅವರು ತಮ್ಮ ಹೆಸರು ಹೇಳಿಕೊಂಡರು. ದೇವೀರಿ ಹಲ್ಲು ಕಚ್ಚಿ ದೀಪವನ್ನೇ ನೋಡಿದಳು. ನಾಲ್ಕನೇ ಸುತ್ತಿನಲ್ಲಿ ಉಳಿದವರೆಲ್ಲ ಮತ್ತೆ ಏಟು ಹಾಕಿದರು. ಕರಾಳದತ್ತನ ದೀಪದಲ್ಲಿ ಎರಡೇ ಬತ್ತಿ ಉಳಿದವು. ದೇವೀರಿಯ ಕೈಯಲ್ಲಿ ಒಂದೇ ಎಲೆ ಉಳಿದಿತ್ತು, ಹೆಜ್ಜೇನು. ಅದಕ್ಕೆ ಬೇಕಾದ ಒಂದು ಹನಿಯೂ ಬೆರಳ ತುದಿಯಲ್ಲಿ ತೂಗುತ್ತಿತ್ತು.

"ಬಿಡು, ಬಿಡು" ಅಂದ ಕರಾಳದತ್ತ, ಬೆದರದೆ. "ಆದರೆ ಅದು ಯಾರು ಅಂತ ಕೇಳುವುದಿಲ್ಲವೇ? ಆ ರೆಕ್ಕೆಯ ಬುಡ ನೋಡು. ಒಗ್ಗರಣೆ ಸಿಡಿದ ಕಲೆ."

ದೇವೀರಿ ನೋಡಿದಳು. ಅವ್ವನ ಮುಂಗೈ ಮೇಲಿದ್ದ ಕಲೆಯೇ.

"ಹೆಜ್ಜೇನು ಕುಟುಕಿದರೆ ಸಾಯುತ್ತದೆ. ಅವಸರವೇನಿದೆ? ನಿನ್ನ ಇರುವೆಗಳೂ ಇಲಿಗಳೂ ಇನ್ನೂ ನಿಂತಿವೆ. ಮುಂದಿನ ಸುತ್ತಿಗೆ ಅವೇ ಎರಡು ಬತ್ತಿ ಆರಿಸುತ್ತವೆ. ತಾಯಿ ಉಳಿಯುತ್ತಾಳೆ. ಒಂದೇ ಸುತ್ತು ಮಗಳೇ."

ದೇವೀರಿಗೆ ಗೊತ್ತಿತ್ತು. ಛತ್ರದಲ್ಲಿ ಎಷ್ಟೋ ಜನ "ಒಂದೇ ಸುತ್ತು" ಅಂದದ್ದನ್ನು ಅವಳೇ ಕೇಳಿದ್ದಳು, ಕೇಳಿ ನಕ್ಕಿದ್ದಳು. ಆದರೂ ತಾಯಿ ತಾಯಿಯೇ. ಬೆರಳನ್ನು ಸೆರಗಿನಲ್ಲಿ ಸುತ್ತಿಕೊಂಡಳು. ಎಲೆಯನ್ನು ಮಡಿಲಿಗಿಟ್ಟುಕೊಂಡು, "ಸುತ್ತು ಬಿಟ್ಟೆ" ಅಂದಳು.

ಐದನೇ ಸುತ್ತು ಬಂತು. ಕರಾಳದತ್ತ ಐದು ಹನಿ ಸುರಿದ. ಬಿಳಿಯಾನೆ ಎದ್ದಿತು. ಅದು ಬೇರೆ ಯಾರೂ ಅಲ್ಲ, ಹೇಮಗಿರಿಯ ರಾಜ. ಅದರ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಆದರೆ ಕಾಲು ಮಾಂತ್ರಿಕನ ಮಾತು ಕೇಳುತ್ತಿತ್ತು. ಇರುವೆಗಳನ್ನು ತುಳಿಯಿತು, ಇಲಿಗಳನ್ನು ತುಳಿಯಿತು, ಕೂತಿದ್ದ ಕಣಜಗಳನ್ನು ಸೊಂಡಿಲಲ್ಲಿ ಬಡಿಯಿತು. ಹೆಸರುಗಳು ಒಂದರ ಮೇಲೊಂದು ಬಿದ್ದು ಯಾವುದು ಯಾರದ್ದು ಅಂತ ತಿಳಿಯಲಿಲ್ಲ. ದೇವೀರಿಯ ದೀಪದಲ್ಲಿ ಒಂದೇ ಬತ್ತಿ ಉಳಿಯಿತು, ನೆಲದ ಮೇಲೆ ಹರಿದ ಎಲೆಗಳ ರಾಶಿ.

ಆಗ ಮಡಿಲಲ್ಲಿದ್ದ ಎಲೆ ಮಾತಾಡಿತು. "ಅದಕ್ಕೇ ಸುಮ್ನಿದ್ದೆ ಕಣೇ. ನಾನು ಅಂತ ತಿಳಿದ್ರೆ ನಿನ್ನ ಕೈ ಏಳಕಿಲ್ಲ ಅಂತ."

"ಅವ್ವಾ, ತಪ್ಪಾಯ್ತು."

"ಆಯ್ತು. ಈಗ ಅಳಬ್ಯಾಡ. ಆನೆ ಎಷ್ಟು ದೊಡ್ಡದಾದ್ರೂ ತಲೆ ಮೇಲಿಂದ ಹಾರೋದನ್ನ ತಡಿಯಕ್ಕಾಗಕಿಲ್ಲ. ಬಿಡು ನನ್ನ."

ದೇವೀರಿ ಬೆರಳಿಗೆ ಸುತ್ತಿದ್ದ ಸೆರಗು ಬಿಚ್ಚಿದಳು. ಹನಿ ಎಲೆಯ ಮೇಲೆ ಬಿತ್ತು. ಹೆಜ್ಜೇನು ಎದ್ದು ಅವಳ ಕೆನ್ನೆಯ ಪಕ್ಕದಲ್ಲೇ ಹಾದು, ಆನೆಯ ತಲೆಯ ಮೇಲಿಂದ ಹೋಗಿ ದೀಪಕ್ಕೆ ಎರಗಿತು. ಎರಡು ಬತ್ತಿಯೂ ಆರಿದವು. ಹೆಜ್ಜೇನು ಎಣ್ಣೆಯೊಳಗೆ ಬಿದ್ದು ಮತ್ತೆ ಏಳಲಿಲ್ಲ.

ಕರಾಳದತ್ತ ಕುಗ್ಗಿದ, ಕುಗ್ಗಿ ಕುಗ್ಗಿ ಒಂದು ಎಲೆಯಾದ. ಅದರ ಮೇಲಿದ್ದ ಚಿತ್ರ ಒಂದು ಹೇನು. ಆನೆ ರಾಜನಾಯಿತು, ಕರಡಿ ಮುದುಕನೊಬ್ಬನಾಯಿತು. ರಾಜ್ಯದಲ್ಲಿ ಯಾರ ಪೆಟ್ಟಿಗೆಯಲ್ಲಿ, ಯಾರ ಅಂಗಡಿಯಲ್ಲಿ ಎಲೆಗಳಿದ್ದವೋ ಅಲ್ಲೆಲ್ಲ ಜನ ಎದ್ದು ನಿಂತರು. ಗುಜ್ಜಶೆಟ್ಟಿಯ ಅಂಗಡಿಯಲ್ಲಿ ಸಿಂಹ ಹೋಗಿ ಹಳೆಯ ಸೇನಾಪತಿ ನಿಂತಿದ್ದ. ಅಪ್ಪಂದಿರು ಬಂದರು, ಅಕ್ಕಂದಿರು ಬಂದರು, ಬೀದಿಯಲ್ಲಿ ಕೂಗಾಡಿ ತಬ್ಬಿಕೊಂಡರು. ಹರಿದ ಎಲೆಗಳು ಹಾಗೇ ಇದ್ದವು. ಒಲೆಯ ಬೂದಿ ಬೂದಿಯಾಗಿಯೇ ಇತ್ತು. ಎಷ್ಟೋ ಮನೆಗಳ ಬಾಗಿಲು ಇಡೀ ದಿನ ತೆರೆದೇ ಇತ್ತು, ಯಾರೂ ಒಳಗೆ ಬರಲಿಲ್ಲ.

ತಾನು ತುಳಿದವರ ಮನೆಗಳಿಗೆ ರಾಜ ಬರಿಗಾಲಲ್ಲಿ ಹೋದ. ದೇವೀರಿಯೂ ಜೊತೆಗೆ ಹೋಗಿ, "ಅವರು ತುಳಿದದ್ದು ನಾನು ಒಂದು ಸುತ್ತು ಬಿಟ್ಟಿದ್ದಕ್ಕೆ" ಅಂತ ಪ್ರತಿ ಹೊಸ್ತಿಲಲ್ಲೂ ಹೇಳಿದಳು. ಕೆಲವರು ಕುಡಿಯಲು ನೀರು ಕೊಟ್ಟರು, ಕೆಲವರು ಬಾಗಿಲು ಹಾಕಿಕೊಂಡರು. ಅರ್ಧ ರಾಜ್ಯ ಕೊಡುತ್ತೇನೆ ಅಂದ ರಾಜ. ಅವಳು ಬೇಡವೆಂದು ಛತ್ರಕ್ಕೆ ಹಿಂತಿರುಗಿದಳು. ಹೇನಿನ ಎಲೆಯೊಂದನ್ನು ಮಾತ್ರ ಕೇಳಿ ತೆಗೆದುಕೊಂಡಳು. ತಿರುಗಿಸಿ ನೋಡಿದಳು, ಅವನೇ ಹೌದು ಅಂತ ಖಾತ್ರಿ ಮಾಡಿಕೊಂಡಳು, ಆಮೇಲೆ ಒಲೆಗೆ ಹಾಕಿದಳು.

ಹೇಮಗಿರಿಯಲ್ಲಿ ಮತ್ತೆ ಮಳೆ ಬೆಳೆ ಆದವು, ಮದುವೆಗಳಾದವು, ತೊಟ್ಟಿಲುಗಳು ತೂಗಿದವು. ತಿರುಗಿ ಬಂದವರೆಲ್ಲ ಬಹಳ ಕಾಲ ಸುಖವಾಗಿ ಬಾಳಿದರು. ಗಂಜೀಫ ಆಡುವುದನ್ನು ಅಲ್ಲಿ ಯಾರೂ ಕಲಿಸಲಿಲ್ಲ, ಯಾರೂ ಕಲಿಯಲಿಲ್ಲ. ಆದರೆ ಆ ಸೀಮೆಯ ಹೆಂಗಸರು ಇವತ್ತಿಗೂ ಬೆಳಿಗ್ಗೆ ಒಲೆ ಹೊತ್ತಿಸುವಾಗ ಚಕ್ಕೆಯೋ ತರಗೋ ಏನೇ ಕೈಗೆತ್ತಿಕೊಳ್ಳಲಿ, ಎರಡೂ ಮಗ್ಗುಲು ತಿರುಗಿಸಿ ನೋಡಿ, "ಯಾರಾದ್ರೂ ಇದೀರೇನವ್ವ?" ಅಂತ ಮೆಲ್ಲಗೆ ಕೇಳಿ, ಸ್ವಲ್ಪ ಕಾದು, ಆಮೇಲೆ ಬೆಂಕಿ ಹಚ್ಚುತ್ತಾರೆ.