ಅಳಿಸಿಹೋದ ಜೋಗುಳ

ಆ ಭಾನುವಾರ ಬೆಳಿಗ್ಗೆ ನನ್ನ ಅಂಗಡಿಯ ಟಿವಿಯಲ್ಲಿ ಮೊದಲು ಪ್ಲಾಸ್ಟಿಕ್ ಹೂವಿನ ಹಾರ ಹಾಕಿದ ಗಣಪತಿ ಕಾಣಿಸಿದ. ಆಮೇಲೆ ಒಂದು ತೊಟ್ಟಿಲು ಕಾಣಿಸಿತು. ತೊಟ್ಟಿಲ ಪಕ್ಕ ಹಸಿರು ಸೀರೆಯ ಹೆಣ್ಣುಮಗಳೊಬ್ಬಳು ಸೆರಗು ಸರಿಮಾಡಿಕೊಂಡು, ಹಾಡಲೆಂದು ಉಸಿರು ಎಳೆದುಕೊಂಡಳು. ಅಷ್ಟರಲ್ಲಿ ಪರದೆ ನೀಲಿಯಾಯಿತು.

"ಏನಾತು ಅಣ್ಣಾ?" ಎಂದಳು ಅಮೃತಾ. ಅವಳ ತೊಡೆಯ ಮೇಲೆ ಮೂರನೇ ತಿಂಗಳಿಗೆ ಬಿದ್ದ ಕೂಸು ಬೆರಳು ಚೀಪುತ್ತಿತ್ತು.

"ಏನಿಲ್ಲ ತಂಗಿ, ಚೂರು ಬೂಸ್ಟು ಹಿಡದತಿ. ಈಗ ಬರ್ತತಿ ನೋಡು," ಎಂದೆ. ಬರಲಿಲ್ಲ. ಒಂದು ಹಾಡು ಮುಗಿಯುವಷ್ಟು ಹೊತ್ತು ನೀಲಿಯೇ ಇತ್ತು. ಆಮೇಲೆ ಹೆಂಗಸರು ನಗುತ್ತ ಸಕ್ಕರೆ ಹಂಚುವ ದೃಶ್ಯ ಬಂತು. ಹಾಡು ಮಾತ್ರ ಹೋಗಿತ್ತು.

ನಾನು ಯಾರೆಂದು ಹೇಳಿಬಿಡುತ್ತೇನೆ. ಕೊಟ್ಟೂರಿನ ಕೊಟ್ರಸ್ವಾಮಿ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಎಲ್ಲಿ ಯಾರ ಟ್ರಂಕಿನಲ್ಲಿ ಹಳೆಯ ಮದುವೆ ಕ್ಯಾಸೆಟ್ ಸಿಕ್ಕರೂ ಅದು ಪೆನ್‌ಡ್ರೈವ್ ಆಗಲು ನನ್ನ ಬಳಿಗೇ ಬರಬೇಕು. ರಾಜ್ಯದಲ್ಲಿ ಇನ್ನೂ ಉಸಿರಾಡುವ ವಿಸಿಆರ್ ಬೇರೆ ಒಂದೆರಡು ಇದ್ದಾವು, ಅವು ನನ್ನದನ್ನು ನೆನೆದು ಹೊಟ್ಟೆಕಿಚ್ಚಿನಿಂದ ಕೆಮ್ಮುತ್ತವೆ. ನನ್ನ ವಿಸಿಆರ್‌ನ ಗುಂಡಿಗಳ ಮೇಲಿನ ಅಕ್ಷರವೆಲ್ಲ ನನ್ನ ಬೆರಳಿನ ಹೊಡೆತಕ್ಕೇ ಸವೆದುಹೋಗಿವೆ. ರೆಕಾರ್ಡು ಗುಂಡಿಯನ್ನು ಯಾರೂ ಅಪ್ಪಿತಪ್ಪಿ ಮುಟ್ಟಬಾರದೆಂದು, ಹೆಂಗಸರು ಹಣೆಗೆ ಹಚ್ಚುವ ಕೆಂಪು ಟಿಕಳಿಯೊಂದನ್ನು ಅದರ ಮೇಲೆ ಅಂಟಿಸಿದ್ದೆ. ಇಂಥ ಉಪಾಯ ಜಪಾನಿನವರಿಗೂ ಹೊಳೆದಿರಲಿಲ್ಲ.

ಅಮೃತಾಳ ತಾಯಿ ನಾಗಲಿಂಗಮ್ಮ, ಮಗಳಿಗೆ ಎರಡು ತುಂಬುವ ಮೊದಲೇ ತೀರಿಕೊಂಡಿದ್ದಳು. ಅವಳ ಫೋಟೊ ಮನೆಯಲ್ಲಿ ಬೇಕಾದಷ್ಟಿದ್ದವು. ಆದರೆ ದನಿ ಉಳಿದಿದ್ದು ಈ ಕ್ಯಾಸೆಟ್ಟಿನಲ್ಲಿ ಮಾತ್ರ, ಅಮೃತಾಳನ್ನು ತೊಟ್ಟಿಲಿಗೆ ಹಾಕಿದ ದಿನ ಹಾಡಿದ ಆ ಒಂದು ಜೋಗುಳದಲ್ಲಿ. ಮರುದಿನದ್ದನ್ನು ಬಿಟ್ಟು ಅದರ ಮುಂದಿನ ಸೋಮವಾರ ಅಮೃತಾಳ ಮಗಳಿಗೆ ತೊಟ್ಟಿಲು. ಆ ಹೊತ್ತಿಗೆ ಅಜ್ಜಿಯ ದನಿಯಲ್ಲೇ ಜೋಗುಳ ಕೇಳಿಸಬೇಕೆಂದು ಅವಳಿಗೆ ಆಸೆ.

"ಇದು ತಾನಾಗೇ ಆಗಿದ್ದಲ್ಲ ಅಣ್ಣಾ. ಯಾರು ಮಾಡಿದ್ದು ಅಂತ ನನಗೆ ಗೊತ್ತು. ಚಿಕ್ಕಮ್ಮ," ಎಂದಳು. ಅವಳ ದನಿ ನಡುಗಲಿಲ್ಲ, ಅದೇ ನನಗೆ ಹೆದರಿಕೆ ತಂದಿತು. "ಇದು ಖರೇ ಆದ್ರೆ ಆ ಮನೆ ಹೊಸ್ತಿಲು ನಾನು ಇನ್ನು ತುಳಿಯೋದಿಲ್ಲ. ತೊಟ್ಟಿಲೂ ಅಲ್ಲಿ ಬೇಡ."

ಆಗ ಮಹಡಿಯ ಮೆಟ್ಟಿಲಿನಿಂದ ಒಂದು ದನಿ ಇಳಿದು ಬಂತು. "ಲೇ ಕೊಟ್ರ, ಏನು ಕಳಕೊಂಡೀಯಲೇ?"

ಅವರು ನನ್ನ ಮಹಡಿಯ ಬಾಡಿಗೆದಾರರು, ಪೊಲೀಸು ಇಲಾಖೆಯಲ್ಲಿ ದಫೇದಾರರಾಗಿ ನಿವೃತ್ತರಾದ ಜಂಬಕ್ಕ. ಅವರಪ್ಪ ಹಡಗಲಿ ಕಡೆ ಸಾವಿರ ಕುರಿ ಕಾಯ್ದವರು. ಅಷ್ಟು ಕುರಿಗಳಲ್ಲಿ ಒಂದು ಕುಂಟಿದರೂ ಕಣ್ಣಿಗೆ ಬೀಳುವುದು ಆ ಮನೆತನಕ್ಕೆ ರಕ್ತದಲ್ಲೇ ಇದೆ. ಅವರು ಬಿಡಿಸಿದ ಕೇಸುಗಳಿಗೆ ಲೆಕ್ಕವಿಲ್ಲ, ಅರ್ಧ ನಾನು ಜೊತೆಗಿದ್ದುದರಿಂದಲೇ ಬಗೆಹರಿದವು. ಜಂಬಕ್ಕ ಇದನ್ನು ಒಪ್ಪುವುದಿಲ್ಲ.

ಅವರು ಪರದೆಯನ್ನು ಎರಡು ಸಲ ನೋಡಿದರು. "ಈ ನೀಲಿ ಹಳೇದೋ, ಹೊಸದೋ?"

"ಹೊಸದು. ಕೆಳಗ ಬಿಳಿ ಗೆರಿ ನಡುಗ್ತತಿ ನೋಡ್ರಿ. ನನ್ನ ಮಶೀನ್ ಏನು ರೆಕಾರ್ಡು ಮಾಡಿದ್ರೂ ಆ ಗೆರಿ ಬೀಳ್ತತಿ. ಅದು ನನ್ನ ರುಜು ಇದ್ದಂಗ."

"ಅಂದ್ರ ನಿನ್ನ ಅಂಗಡ್ಯಾಗ, ನಿನ್ನ ಮಶೀನಿನಾಗ, ನೀನಿದ್ದಂಗ ಆಗೇತಿ. ಭಾರೀ ರುಜು. ಕ್ಯಾಸೆಟ್ ಬಂದಾಗ ಹೆಂಗಿತ್ತು?"

"ಗುರುವಾರ ಬಂತು. ನಡುವಿಗೆ ನಿಂತಿತ್ತು. ಅಲ್ಲಿಂದ ಚೂರು ಹಚ್ಚಿ ನೋಡಿದೆ, ಊಟದ ಪಂಕ್ತಿ ಚೊಲೊ ಕಾಣ್ತು. ಹಳೇ ಸುರುಳಿ ಸುಮ್ಮಸುಮ್ಮನ ಓಡಿಸಬಾರದಂತ ಹಂಗೇ ಕಪಾಟಿನಾಗ ಇಟ್ಟೆ. ಇವತ್ತು ಹಾಕಿದೆ, ಗಣಪತಿ ಬಂದ."

ಜಂಬಕ್ಕ ನನ್ನನ್ನು ನೋಡಿದರು, ಗಣಪತಿಯ ಹಾರವನ್ನು ನೋಡಿದರು. ಆ ನೋಟದ ಅರ್ಥ ನನಗೆ ಆಗಲೇ ಹೊಳೆದಿತ್ತು ಎಂದು ಹೇಳಿಕೊಳ್ಳುವ ಆಸೆ ಬಹಳ ಇದೆ.

ಶುಕ್ರವಾರ ಅಂಗಡಿ ಮುಚ್ಚಿದ್ದೆ, ತೆಲಿಗಿಯ ಒಂದು ಮದುವೆಗೆ ಕ್ಯಾಮೆರಾ ಹಿಡಿದಿದ್ದೆ. ಶನಿವಾರ ಮಾತ್ರ ಮೂವರು ಬಂದಿದ್ದರು, ಮೂವರೂ ಒಂದಿಷ್ಟು ಹೊತ್ತು ಒಬ್ಬೊಬ್ಬರೇ ಇದ್ದರು.

ಮೊದಲು ಬಂದವಳು ಚಿಕ್ಕಮ್ಮ ಭಾಗ್ಯ, ನಾಗಲಿಂಗಮ್ಮ ತೀರಿಕೊಂಡ ಮೇಲೆ ಅಮೃತಾಳ ತಂದೆ ಮದುವೆಯಾದವಳು. ಹರಪನಹಳ್ಳಿಯಿಂದ ಗುಡಿಗೆ ಬಂದವಳು ಅಂಗಡಿಗೂ ಬಂದು, "ಆ ಹಾಡು ಒಮ್ಮಿ ಕೇಳಿಸ್ತೀರೇನ್ರಿ?" ಎಂದಿದ್ದಳು. ಭಾನುವಾರಕ್ಕೆ ಮುಂಚೆ ಕೇಳಿಸುವುದಿಲ್ಲ, ಅದು ನನ್ನ ಪದ್ಧತಿ ಎಂದು ಚಾ ತರಲು ಹೋಗಿದ್ದೆ. ಬರುವಷ್ಟರಲ್ಲಿ ಆಕೆ ಇರಲಿಲ್ಲ.

ಆಮೇಲೆ ಬಂದವನು ಬಸವೇಶ್. ಕೂಡ್ಲಿಗಿ ರಸ್ತೆಯಲ್ಲಿ ಸ್ಟುಡಿಯೊ ಇಟ್ಟುಕೊಂಡು, ನನ್ನ ವಿಸಿಆರ್ ಮೇಲೆ ಕಣ್ಣಿಟ್ಟ ಮನುಷ್ಯ. ಕೇಬಲ್ ಕೇಳಿದ. ಹುಡುಕಲು ಒಳಗೆ ಹೋದೆ. ನನ್ನ ಹೆಸರು ಕೆಟ್ಟರೆ ಊರೆಲ್ಲ ಪೇಡಾ ಹಂಚುವ ಪೈಕಿ ಅವನು.

ಕೊನೆಗೆ ಬಂದವರು ಅಮೃತಾಳ ತಂದೆ ಗುರುಸಂಗಪ್ಪ. ಈಗ ಚಪ್ಪಲಿ ಅಂಗಡಿ. ಒಂದು ಕಾಲಕ್ಕೆ ಅದೇ ಮಳಿಗೆಯಲ್ಲಿ ವಿಡಿಯೊ ಲೈಬ್ರರಿ ನಡೆಸಿದವರು, ನಮ್ಮ ಕಸುಬಿನ ಹಿರಿಯರು. "ನೀ ಊಟ ಮಾಡಿ ಬಾ, ನಾ ಕುಂತಿರ್ತೀನಿ" ಎಂದರು. ನಾನು ನೆಮ್ಮದಿಯಾಗಿ ಎರಡು ರೊಟ್ಟಿ ಹೆಚ್ಚಿಗೆ ಉಂಡು ಬಂದೆ.

"ಬಸವೇಶನ ಕೆಲಸ. ಬರಕೊಳ್ರಿ," ಎಂದೆ.

"ನಿನಗ ಹಲ್ಲು ನೋವು ಬಂದ್ರೂ ಬಸವೇಶನ ಕೆಲಸ ಅಂತಿ," ಎಂದು ಜಂಬಕ್ಕ ಚಪ್ಪಲಿ ಮೆಟ್ಟಿದರು. "ನಡಿ ಹರಪನಹಳ್ಳಿಗೆ."

ಭಾಗ್ಯ ನಮ್ಮನ್ನು ಕಂಡೊಡನೆ ಮಣೆ ಹಾಕಿದಳು, ನೀರು ತಂದಳು. ಗುರುಸಂಗಪ್ಪ ಅಂಗಡಿಯಲ್ಲಿದ್ದರು. ಜಂಬಕ್ಕ ನೇರವಾಗಿ ಕೇಳಿದರು. "ಆ ಹಾಡು ಅಳಿಸಿದವರು ನೀವೇ ಅಂತಾಳ ಅಮೃತಾ. ಏನಂತೀರಿ?"

ಭಾಗ್ಯ ತಂಬಿಗೆಯ ಮೇಲಿನ ಹನಿಗಳನ್ನು ಸೆರಗಿನಿಂದ ಒರೆಸಿದಳು. "ಆಕಿ ಹಂಗ ತಿಳಕೊಂಡ್ರ ತಿಳಕೊಳ್ಳಿ ಬಿಡ್ರಿ."

ಅಷ್ಟೇ. ಒಂದು 'ಇಲ್ಲ' ಇಲ್ಲ, ಒಂದು 'ಅಲ್ಲ' ಇಲ್ಲ. ನಾನು ಆ ಕ್ಷಣಕ್ಕೆ ಬಸವೇಶನನ್ನು ಬಿಟ್ಟು ಭಾಗ್ಯಳನ್ನು ಹಿಡಿದೆ. ಇಂಥ ಮೌನವನ್ನು ಅಪರಾಧಿಗಳಲ್ಲದೆ ಬೇರೆಯವರು ಇಟ್ಟುಕೊಳ್ಳುವುದಿಲ್ಲ.

"ನಿಮ್ಮನಿಯಾಗೂ ವಿಸಿಆರ್ ಇತ್ತಲ್ಲ?" ಎಂದರು ಜಂಬಕ್ಕ.

"ಅಟ್ಟದ ಮ್ಯಾಲ ಐತ್ರಿ. ಕೆಟ್ಟು ಬಾಳ ವರ್ಷಾತು. ನನಗ ಅದನ್ನ ಹಚ್ಚಾಕ ಬರಂಗಿಲ್ಲ. ತೀರಿಹೋದ ಅಕ್ಕ ಕೈಯಾರೆ ಅಂಟಿಸಿದ ಟಿಕಳಿ ಇನ್ನೂ ಅದರ ಮ್ಯಾಲ ಐತಿ. ಧೂಳ ಒರಸಬೇಕಾದ್ರ ಅದು ಉದುರದಂಗ ಒರಸ್ತೀನಿ."

ಜಂಬಕ್ಕ ಅಟ್ಟ ಹತ್ತಿದರು. ಆ ವಯಸ್ಸಿನಲ್ಲಿ ಏಣಿ ಹತ್ತಿದ ವೇಗಕ್ಕೆ ಮನೆಯ ಬೆಕ್ಕು ನಾಚಿ ಹೊರಗೆ ಹೋಯಿತು. ಇಳಿದಾಗ ಸೆರಗಿಗೆ ಜೇಡರ ಬಲೆ ಅಂಟಿತ್ತು.

"ನಿನ್ನೆ ನಿಮ್ಮ ಯಜಮಾನರು ಮನಿಗೆ ಬಂದು ಊಟ ಮಾಡಿದ್ರೇನು?"

ಭಾಗ್ಯ ತಂಬಿಗೆ ಎತ್ತಿಕೊಂಡು ಒಳಗೆ ಹೋದಳು.

ಮರುದಿನ ಜಂಬಕ್ಕ ನಾಲ್ವರನ್ನೂ ನನ್ನ ಅಂಗಡಿಗೆ ಕರೆಸಿದರು. ಪಾಸ್‌ಪೋರ್ಟ್ ಫೋಟೊ ತೆಗೆಯುವ ಸ್ಟೂಲಿನ ಮೇಲೆ ಕೂಸನ್ನೆತ್ತಿಕೊಂಡು ಅಮೃತಾ ಕುಳಿತಳು, ಚಿಕ್ಕಮ್ಮನ ಕಡೆ ಬೆನ್ನು ಮಾಡಿ. ಗುರುಸಂಗಪ್ಪ ಗೋಡೆಗೆ ಒರಗಿ ನಿಂತರು. ಬಸವೇಶ್ ಬಾಗಿಲಲ್ಲೇ ಉಳಿದ.

"ನನ್ನ ಮ್ಯಾಲ ಅನುಮಾನನಾ ದಫೇದಾರಮ್ಮ? ಈ ಕೊಟ್ರನ ಮಶೀನು ಹಾಳು ಮಾಡಾಕ ನಾನೇ ಬೇಕೇನ್ರಿ, ಅವನೊಬ್ಬನೇ ಸಾಕು," ಎಂದ.

"ಸುಮ್ಮನ ಬಂದು ಇದನ್ನ ಹಚ್ಚು," ಎಂದು ಜಂಬಕ್ಕ ನನ್ನ ಭಾವಮೈದುನನ ಮದುವೆಯ ಕ್ಯಾಸೆಟ್ ಕೊಟ್ಟರು. ರೆಕಾರ್ಡು ಆಗದಂತೆ ಅದರ ಬೆನ್ನಿನ ಪ್ಲಾಸ್ಟಿಕ್ ಕಿವಿಯನ್ನು ಅವರೇ ಮೊದಲೇ ಮುರಿದಿದ್ದರು.

ಬಸವೇಶ್ ನನ್ನನ್ನು ದುರುಗುಟ್ಟಿ ನೋಡುತ್ತಲೇ ಕೈ ಚಾಚಿ ಸರಿಯಾದ ಗುಂಡಿ ಒತ್ತಿದ. ಭಾವಮೈದುನ ಬಾಸಿಂಗ ಕಟ್ಟಿಕೊಂಡು ಪರದೆಗೆ ಬಂದ. ಭಾಗ್ಯಳ ಸರದಿ ಬಂದಾಗ ಕ್ಯಾಸೆಟ್ಟನ್ನು ತಿರುವುಮುರುವಾಗಿ ತೂರಲು ನೋಡಿ, "ನನಗ ಗೊತ್ತಾಗಂಗಿಲ್ರಿ" ಎಂದು ಹಿಂದೆ ಸರಿದಳು.

ಗುರುಸಂಗಪ್ಪ ಕ್ಯಾಸೆಟ್ಟನ್ನು ಕಣ್ಣು ಮುಚ್ಚಿ ಹಾಕಬಲ್ಲವರ ಹಾಗೆ ಹಾಕಿದರು. ಬೆರಳು ಸೀದಾ ಕೆಂಪು ಟಿಕಳಿಯ ಮೇಲೆ ಹೋಯಿತು. ತಾಗುವಷ್ಟರಲ್ಲಿ ಕಾದ ಹಂಚು ಮುಟ್ಟಿದವರಂತೆ ಕೈ ಎಳೆದುಕೊಂಡರು.

"ಕುಂದರ್ರಿ ಗುರುಸಂಗಪ್ಪಾರೆ," ಎಂದರು ಜಂಬಕ್ಕ, ಮೆಲ್ಲಗೆ. ಆಮೇಲೆ ಅಮೃತಾಳ ಕಡೆ ತಿರುಗಿದರು.

"ನೋಡವ್ವ, ಹೊಟ್ಟಿಕಿಚ್ಚಿನಿಂದ ಮಾಡಾರು ಪೂರ್ತಿ ಅಳಸ್ತಾರ, ಇಲ್ಲಾ ಸುರುಳಿ ಎಳದು ಹರೀತಾರ. ಇಲ್ಲಿ ಹಾಡಷ್ಟೇ ಹೋಗೇತಿ. ಹಾಡು ಎಲ್ಲಿ ಶುರು ಆಗ್ತತಿ ಅಂತ ಬಸವೇಶನಿಗೆ ಹೆಂಗ ಗೊತ್ತು? ಆ ಕ್ಯಾಸೆಟ್ಟನ್ನ ಬಾಯಿಪಾಠ ಮಾಡಿದೋರಿಗೆ ಗೊತ್ತು. ಅದಕ್ಕ ನಾನು ತಿರುಗಿ ವಿಚಾರ ಮಾಡಿದೆ. ಆ ಹಾಡು ಬ್ಯಾಡಾಗಿದ್ದೋರಲ್ಲ, ಅದೇ ಬೇಕಾಗಿದ್ದೋರು ಅಲ್ಲಿಗೆ ಹುಡುಕ್ಕೊಂಡು ಹೋಗ್ಯಾರ."

"ಮತ್ತೆ ಯಾಕೆ ಅಳಿಸಿದ್ರು?" ಎಂದಳು ಅಮೃತಾ.

"ಅದಕ್ಕ ಮೊದಲು ಇನ್ನೊಂದು. ಗುರುವಾರ ನಡುವಿಗೆ ನಿಂತಿದ್ದ ಸುರುಳಿ ಭಾನುವಾರ ಪೂರ್ತಿ ಹಿಂದಕ್ಕ ಬಂದಿತ್ತು. ಈ ಕೊಟ್ರ ಸುತ್ತಿಲ್ಲ. ತಪ್ಪು ಮಾಡಿ ಹೆದರಿದ ಮನುಷ್ಯಾ ಕ್ಯಾಸೆಟ್ ತಗದು ಓಡ್ತಾನ. ಇಂಥ ಗಾಬರಿಯಾಗೂ ಮೊದಲಿಗೆ ಸುತ್ತಿ, ಡಬ್ಬ್ಯಾಗ ಹಾಕಿ, ಕಪಾಟಿನಾಗ ಇಡೋನು ಯಾರು? ವಿಡಿಯೊ ಲೈಬ್ರರಿ ನಡಿಸಿದೋನು. ಸುತ್ತಲಾರದ ತಂದುಕೊಟ್ಟ ಗಿರಾಕಿಗಳಿಗೆ ಆಯುಷ್ಯವಿಡೀ ಬೈದೋನು."

ಇಷ್ಟು ಹೊತ್ತಿಗೆ ನನಗೂ ಎಲ್ಲ ಗೊತ್ತಾಗಿತ್ತು. ಆದರೆ ಹಿರಿಯರ ಮಾತಿಗೆ ಅಡ್ಡ ಬರುವ ಅಭ್ಯಾಸ ನನಗಿಲ್ಲ.

"ನಿನ್ನೆ ಅಟ್ಟದ ಮ್ಯಾಲಿನ ಮಶೀನ್ ನೋಡಿದೆ. ನಿಮ್ಮವ್ವಗ ಇಂಗ್ಲೀಷು ಓದಾಕ ಬರ್ತಿರಲಿಲ್ಲ, ಹೌದಿಲ್ಲೋ? ಅದಕ್ಕ ಗುರುತಿಗೆ ಟಿಕಳಿ ಹಚ್ಚಿದ್ಲು. ಯಾವ ಗುಂಡಿಗೆ ಗೊತ್ತೇನು? ಹಾಡು ಬರೋ ಗುಂಡಿಗೆ. ನಮ್ಮ ಕೊಟ್ರಪ್ಪ ಹಚ್ಯಾನ ಅಳಿಸೋ ಗುಂಡಿಗೆ. ಅಕ್ಷರ ಬ್ಯಾರೆ ಉಳಿಸಿಲ್ಲ, ಪುಣ್ಯಾತ್ಮ."

ಎಲ್ಲರೂ ನನ್ನನ್ನು ನೋಡಿದರು. ನಾನು ಗಣಪತಿಯ ಕ್ಯಾಸೆಟ್ ಒರೆಸತೊಡಗಿದೆ.

ಗುರುಸಂಗಪ್ಪ ನೆಲಕ್ಕೆ ಮಾತಾಡಿದರು. "ಹಾಡಿನ ಮುಂದ ತಂದು ನಿಲ್ಲಿಸಿದೆ. ಟಿಕಳಿ ಕಂಡ್ತು, ಒತ್ತಿದೆ. ನೀಲಿ ಬಂತು. ಬೂಸ್ಟು ಐತಿ, ಈಗ ಹೋದೀತು, ಆಕಿ ಬಂದಾಳು ಅಂತ ಕಾದೆ. ಆಮ್ಯಾಲೆ ಕೆಂಪು ದೀಪ ಕಂಡ್ತು. ಹೇಳಬೇಕಂದೆ. ಇವಳ ಮುಂದ ಆಕಿ ಹೆಸರು ತಗದೋನಲ್ಲ ನಾನು. ಹೆಂಗ ಹೇಳ್ಲಿ?"

ಇವಳ ಎಂದಾಗ ಅವರು ಭಾಗ್ಯಳ ಕಡೆ ನೋಡಿದ್ದರು.

"ಹೆಸರು ತಗೀಬ್ಯಾಡ್ರಿ ಅಂತ ನಾನು ಅಂದಿದ್ನೇನು?" ಎಂದಳು ಭಾಗ್ಯ. "ಶನಿವಾರ ನೀವು ಉಣಲಿಲ್ಲ. ನಿನ್ನೆ ಅಮೃತಾ ಫೋನ್ ಮಾಡಿ ಬೈದಾಗ ಇದು ನಿಮ್ಮ ಕೈಯಿಂದ ಆಗಿದ್ದು ಅಂತ ನನಗ ಗೊತ್ತಾತು. ನನಗ ಬೈದ್ರ ಬೈಲಿ, ಅಪ್ಪನ್ನ ಬಿಟ್ರ ಆಕಿಗೆ ಯಾರದಾರ ಅಂತ ಸುಮ್ಮನಾದೆ."

ಅಮೃತಾ ಸ್ಟೂಲಿನ ಮೇಲೆ ತಿರುಗಿ ಕುಳಿತಳು. "ಮತ್ತೆ ಶನಿವಾರ ನೀನು ಯಾಕೆ ಬಂದಿದ್ದೆ ಚಿಕ್ಕಮ್ಮ?"

"ಕಲಿಯಾಕ. ಕ್ಯಾಸೆಟ್ಟು ಎಲ್ಲ್ಯಾರ ಕೈ ಕೊಟ್ರ ತೊಟ್ಟಲ ಮುಂದ ಹಾಡೋರು ಬೇಕಲ್ಲ."

ಅಮೃತಾ ನನ್ನ ಕಡೆ ನೋಡಿದಳು. ಆ ನೋಟದಲ್ಲಿದ್ದ ಪ್ರಶ್ನೆಗೆ, ಸತ್ತ ಸುರುಳಿಗಳನ್ನು ಎಬ್ಬಿಸಿ ಕೂರಿಸುವ ನಾನು ತಲೆ ಅಲ್ಲಾಡಿಸಿದೆ. ಮೇಲೆ ಬೇರೆ ರೆಕಾರ್ಡಾಗಿ ಅಳಿಸಿಹೋದ ದನಿಯನ್ನು ಮರಳಿ ತರಲು ನನ್ನಿಂದಲೂ ಆಗುವುದಿಲ್ಲ.

ಜಂಬಕ್ಕ ಗುರುಸಂಗಪ್ಪನ ಎದುರು ಇನ್ನೊಂದು ಸ್ಟೂಲು ಎಳೆದುಕೊಂಡರು. "ಆ ಹಾಡು ಎಷ್ಟು ಸಲ ಕೇಳೀರಿ?"

"ಲೈಬ್ರರಿ ಬಾಗಿಲ ಹಾಕಿದ ಮ್ಯಾಲ ದಿನಾ ಕೇಳ್ತಿದ್ದೆ. ಮಶೀನ್ ಕೆಡೋ ತನಕ."

"ಹಂಗಾರ ಹಾಡ್ರಿ."

"ಗಂಡಸು ಜೋಗುಳ ಹಾಡದಾ?"

"ಇಲ್ಲಿ ನಗೋರು ಯಾರದಾರ ನೋಡ್ತೀನಿ," ಎಂದು ಜಂಬಕ್ಕ ಬಸವೇಶನ ಕಡೆ ನೋಡಿದರು. ಅವನು ಟೋಪಿ ತೆಗೆದ.

ಗುರುಸಂಗಪ್ಪ ಗಂಟಲು ಸರಿಮಾಡಿಕೊಂಡರು. ಒಡೆದ ದನಿ, ಚಪ್ಪಲಿ ಅಂಗಡಿಯ ದನಿ.

"ಹಗರಿಯ ದಂಡ್ಯಾಗ ಗುಬ್ಬೆಲ್ಲ ಮಲಗ್ಯಾವ, ನೀನ್ಯಾಕ ಎದ್ದೀ ನನ ಕಂದ, ಜೋ ಜೋ..." ಅಲ್ಲಿ ನಿಲ್ಲಿಸಿದರು. "ಇಲ್ಲಿ ಆಕಿ ಬಳಿ ತೊಟ್ಟಲಿಗೆ ತಾಗತಾವ. ಇಲ್ಲಿ ಮುಂದಿನ ಸಾಲು ಮರತು ನಗತಾಳ. ಹಿಂಗ, ಮೂಗಿನಾಗ. ಆಮ್ಯಾಲ ನಿನ್ನ ನೋಡಿ, ನೀನಾರ ಹೇಳವ್ವ ಅಂತಾಳ."

ಅಮೃತಾ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಆ ಮಾತು ಅವಳಿಗೆ ಗೊತ್ತೇ ಇರಲಿಲ್ಲ. "ಅಪ್ಪಾ, ಇನ್ನೊಮ್ಮೆ," ಎಂದಳು. ಆಮೇಲೆ ಕೂಸನ್ನು ಎತ್ತಿ ಭಾಗ್ಯಳ ಕೈಗೆ ಇಟ್ಟಳು. "ನೀನು ಕಲ್ಕೋ ಚಿಕ್ಕಮ್ಮ. ಬರೋ ಸೋಮವಾರ ನೀನೇ ಹಾಡ್ಬೇಕು. ನಗೋ ಜಾಗದಾಗೆ ನಗು."

ಎರಡನೇ ಸಲಕ್ಕೆ ಭಾಗ್ಯಳ ದನಿ ಗುರುಸಂಗಪ್ಪನ ದನಿಯ ಕೆಳಗೆ ಬಂದು ಸೇರಿತು. ಮೂರನೇ ಸಲಕ್ಕೆ ಕೂಸು ಮಲಗಿತು. ಅಷ್ಟನ್ನೂ ನಾನು ಕ್ಯಾಮೆರಾದಲ್ಲಿ ಹಿಡಿದೆ. ನಾನು ಮುಟ್ಟಿದ ಯಾವ ವಿಡಿಯೊಗೂ ಹೂವು ಉದುರಿಸದೆ, ಚಿಟ್ಟೆ ಹಾರಿಸದೆ, ಮೂಲೆಯಲ್ಲಿ ನನ್ನ ಹೆಸರು ಮಿನುಗಿಸದೆ ಬಿಟ್ಟವನಲ್ಲ. ಇದಕ್ಕೆ ಏನೂ ಹಾಕಲಿಲ್ಲ. ಹಳೆಯ ಕ್ಯಾಸೆಟ್ಟಿನಲ್ಲಿ ನಾಗಲಿಂಗಮ್ಮ ಉಸಿರು ಎಳೆದುಕೊಳ್ಳುವ ತನಕ ಅವಳನ್ನಿಟ್ಟು, ಅಲ್ಲಿಗೇ ಇದನ್ನು ಜೋಡಿಸಿದೆ. ಮುಗಿದ ಮೇಲೆ ಮತ್ತೆ ಸಕ್ಕರೆ ಹಂಚುವವರ ನಗು ಬರುತ್ತದೆ.

ಹೊರಡುವಾಗ ಭಾಗ್ಯ ವಿಸಿಆರ್ ಹತ್ತಿರ ನಿಂತಳು. ಉಗುರಿನಿಂದ ಟಿಕಳಿಯನ್ನು ಹುಷಾರಾಗಿ ಬಿಡಿಸಿ, "ಹಾಡು ಬರೋದು ಯಾವುದ್ರಿ?" ಎಂದು ಕೇಳಿದಳು. ತೋರಿಸಿದೆ. ಅದರ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತಿದಳು.