ದೇವವ್ವನ ಸಾಕ್ಷಿ

"ಅತ್ತಿ, ನನ್ನ ಕೈಯಾಗ ಏನೈತಿ ಹೇಳ್ರಿ ನೋಡೂಣು!"

ಬ್ಯಾಡಗಿಯ ಆ ಪುಟ್ಟ ಮನೆಯ ಪಡಸಾಲೆಯಲ್ಲಿ ಸೊಸೆ ಅಂಜಲಿ ತನ್ನ ಖಾಲಿ ಕೈಯನ್ನು ಅತ್ತೆಯ ಮುಖದೆದುರು ಚಾಚಿ ನಿಂತಿದ್ದಳು. ದೇವವ್ವ ನಕ್ಕಳು. "ಚಹಾ ತಂದಿಯೇನ? ಕೊಡವ್ವಾ" ಎಂದು ಕೈಯೊಡ್ಡಿದಳು. ಅಂಜಲಿ ಖಾಲಿ ಕೈಯನ್ನು ಹಿಂದಕ್ಕೆಳೆದುಕೊಂಡಳು... ಅಂದರೆ ಇಷ್ಟು ದಿನ ನಡೆದಿದ್ದೆಲ್ಲ ನಟನೆ!

ಪೊರೆ ಬಂದು ದೇವವ್ವನ ಕಣ್ಣು ಮಬ್ಬಾಗಿ ಎರಡು ವರ್ಷವಾಗಿತ್ತು. ರಾಣೆಬೆನ್ನೂರಿನಲ್ಲಿ ಆಟೋ ಓಡಿಸುವ ಮಗ ಮನೋಹರ ಆಪರೇಷನ್ ಮಾಡಿಸೋಣವೆಂದು ಅಂಗಲಾಚಿದರೂ, ಯೇಸು ಸ್ವಾಮಿಯೇ ವಾಸಿಮಾಡುತ್ತಾನೆಂದು ಮುದುಕಿ ಹಟ ಹಿಡಿದಿದ್ದಳು. ಎರಡು ತಿಂಗಳ ಹಿಂದೆ ಪ್ರಾರ್ಥನಾ ಮಂದಿರದಲ್ಲಿ ಪಾಸ್ಟರು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದಾಗ, "ಕಂಡಿತು!" ಎಂದು ಎದ್ದು ನಿಂತು ಎಲ್ಲರೆದುರು ದೇವರ ಮಹಿಮೆಗೆ ಸಾಕ್ಷಿ ಹೇಳಿದ್ದಳು. ಮನೆಯ ಗೋಡೆ, ಹೊಸ್ತಿಲು ಎಲ್ಲ ಅವಳಿಗೆ ಬಾಯಿಪಾಠ. ಮೆಣಸಿನಕಾಯಿಯ ತೊಟ್ಟು ಮುರಿಯುವ ಕೂಲಿಗೂ ಬೆರಳು ಸಾಕು. ಯಾರಿಗೆ ತಾನೇ ಗೊತ್ತಾಗಬೇಕು?

"ಯಾಕ ಸುಳ್ಳ ಹೇಳಿದ್ರಿ ಅತ್ತಿ? ನಿಮ್ಮ ಮಾತ ನಂಬಿ ಬಾಜೂ ಮನಿ ಗದಿಗೆವ್ವ ಮೊಮ್ಮಗಳ ಫಿಟ್ಸಿನ ಗುಳಿಗಿ ನಿಲ್ಲಿಸ್ಯಾಳ! ನಿನ್ನೆ ಕೂಸು ಬಿದ್ದು ಒದ್ದಾಡಿತು... ಹಾವೇರಿ ದವಾಖಾನಿಗೆ ಒಯ್ದಿದ್ರು!"

ದೇವವ್ವ ಸೊಸೆಯ ಕೈಯನ್ನು ತಡಕಿ ಹಿಡಿದಳು. "ಕೂಸು... ಉಳದೈತಿಲ್ಲೋ?"

"ಉಳದೈತ್ರಿ. ಮನಿಗೂ ಬಂದೈತಿ. ಆದ್ರ ಗದಿಗೆವ್ವ ಇನ್ನೂ ಗುಳಿಗಿ ಕೊಡಾಕ ಒಲ್ಲೆ ಅಂತಾಳ. ದೇವವ್ವಗ ಕಣ್ಣ ಕೊಟ್ಟಾಂವ ನನ್ನ ಮೊಮ್ಮಗಳನ್ನ ಬಿಡ್ತಾನೇನು ಅಂತಾಳ!"

ಮುದುಕಿ ಅಲ್ಲೇ ಕುಸಿದು ಕುಳಿತು ಬಿಕ್ಕಿದಳು. "ಬರಬೇಕಾದ ಮೆಸ್ಸೀಯ, ಅಂದ್ರ ನಮ್ಮ ಯೇಸು ಸ್ವಾಮಿ, ಬಂದಾಗ ಕುರುಡರಿಗೆ ಕಣ್ಣು ಬರ್ತಾವಂತ ಪ್ರವಾದಿ ಹಿಂದಕ ಬೈಬಲಿನ್ಯಾಗ ಹೇಳಿಟ್ಟಾನಂತ. ಅದ ಆತನ ಗುರುತಂತ. ಅವತ್ತ ಮಂದಿರದಾಗ ಎಲ್ಲಾರೂ ಉಸಿರ ಹಿಡದು ಕುಂತಿದ್ರು, ಅಂಜಲಿ. ನನಗ ಏನೂ ಕಾಣಲಿಲ್ಲ... ಹಂಗಂತ ಹೇಳಿದ್ರ ಆತನ ಮರ್ಯಾದಿ ಹೋಗ್ತೈತಲ್ಲ ಅಂತ... ಆತನ್ನ ಕಾಪಾಡಾಕ ಹೋದೆನವ್ವಾ!"

ಅಂಜಲಿ ಪಕ್ಕದಲ್ಲಿ ಕುಳಿತು ಅತ್ತೆಯ ಕಣ್ಣೊರೆಸಿದಳು. ದೇವರನ್ನೇ ಕಾಪಾಡಲು ಹೊರಟ ಈ ಹುಚ್ಚು ಮುದುಕಿಯನ್ನು ಬೈಯುವುದಾದರೂ ಹೇಗೆ! "ನಾನ ಹೋಗಿ ಗದಿಗೆವ್ವಗ ಹೇಳ್ತೇನ್ರಿ" ಎಂದಳು.

"ನಿನ್ನ ಮಾತ ಆಕಿ ನಂಬಂಗಿಲ್ಲ. ನಾಳೆ ಆಯಿತವಾರ, ಮಂದಿರದಾಗ ಪ್ರಾರ್ಥನಾ ಐತಿ. ಎಲ್ಲಿ ಹೇಳೇನೋ ಅಲ್ಲೇ ಹೇಳಬೇಕು. ನನ್ನ ಕರಕೊಂಡ ಹೋಗು."

ಮರುದಿನ ಮುಂಜಾನೆ ಪ್ರಾರ್ಥನಾ ಮಂದಿರದಲ್ಲಿ ಸಾಕ್ಷಿ ಹೇಳುವ ಹೊತ್ತಿಗೆ ದೇವವ್ವ ಎದ್ದು ನಿಂತಾಗ, ಎಲ್ಲರೂ ಸಂಭ್ರಮದಿಂದ ಚಪ್ಪಾಳೆ ತಟ್ಟಿದರು.

"ಚಪ್ಪಾಳೆ ಬ್ಯಾಡ್ರಿ... ನನಗ ಕಾಣಂಗಿಲ್ಲ. ಅವತ್ತೂ ಕಾಣಲಿಲ್ಲ. ಸುಳ್ಳ ಹೇಳಿದಾಕಿ ನಾನು, ಆತ ಅಲ್ಲ! ಗದಿಗೆವ್ವಾ, ನಿನ್ನ ಕಾಲಿಗೆ ಬೀಳ್ತೇನಿ, ಕೂಸಿಗೆ ಗುಳಿಗಿ ಕೊಡ!"

"ನಿನ್ನ ಬಾಯಾಗ ಮಣ್ಣ ಬೀಳ್ಲಿ!" ಗದಿಗೆವ್ವ ಚೀರಿದಳು. "ನಿನ್ನ ನಂಬಿ ನನ್ನ ಮೊಮ್ಮಗಳನ್ನ ಕೊಲ್ಲತಿದ್ನಲ್ಲೇ!" ಮೊಮ್ಮಗಳನ್ನು ಎದೆಗವಚಿಕೊಂಡು ಹೊರಟೇಹೋದಳು. ಪಾಸ್ಟರು ತಲೆ ತಗ್ಗಿಸಿದರು. "ಗುಳಿಗಿ ಬಿಡಬ್ಯಾಡ್ರಿ ಅಂತ ನಾನೂ ಹೇಳಬೇಕಿತ್ತು" ಎಂದಷ್ಟೇ ಅಂದು ಕುಳಿತುಬಿಟ್ಟರು. ದೇವವ್ವನ ಅಕ್ಕಪಕ್ಕದವರು ಮೆಲ್ಲಗೆ ದೂರ ಸರಿದರು. ಅಂಜಲಿ ಮಾತ್ರ ಅತ್ತೆಯ ಕೈ ಬಿಡಲಿಲ್ಲ.

ಅವತ್ತು ಮುದುಕಿ ಊಟ ಮುಟ್ಟಲಿಲ್ಲ. ಆಪರೇಷನ್‌ಗೆ ಹೆಸರು ಬರೆಸುತ್ತೇನೆಂದು ಮನೋಹರ ಹೇಳಿದಾಗ ಹೂಂ ಅಂದಳು, ಅಷ್ಟೇ. ಗೋಡೆಗೆ ಕಿವಿ ಹಚ್ಚಿ ಕುಳಿತೇ ಇದ್ದಳು. ಸಂಜೆ ದೀಪ ಹಚ್ಚುವ ಹೊತ್ತಿಗೆ ಪಕ್ಕದ ಮನೆಯಿಂದ ಗದಿಗೆವ್ವನ ದನಿ ಕೇಳಿತು.

"ಬಾಯಿ ತೆರಿ ನನ್ನವ್ವಾ... ಕಹಿ ಇದ್ರೂ ನುಂಗು. ಹಾಂ, ಮ್ಯಾಲೆ ನೀರ ಕುಡಿ."

"ನುಂಗಿತೇನ ಅಂಜಲಿ?"

ಅಂಜಲಿ ಕಿಟಕಿಯಿಂದ ಇಣುಕಿ ನೋಡಿದಳು. "ನುಂಗಿತ್ರಿ ಅತ್ತಿ."

ದೇವವ್ವ ಎರಡೂ ಕೈ ಜೋಡಿಸಿದಳು. ಅವತ್ತು ಅವಳು ಸ್ವಾಮಿಗೆ ಹೇಳಿದ ಸ್ತೋತ್ರದಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ.