ಕೆಂಪು ದಾರದ ಹುಳು

“ಗಡಿಯಾರ ಇನ್ನೊಂದ್ಸಲ ಹುಡುಕಿ ನೋಡಿ ಸರ್. ಸಿಕ್ಕಿದ್ರೆ ಈಗ್ಲೇ ಹೇಳ್ಬಿಡಿ. ಆ ಹುಡುಗಿ ಅಜ್ಜಿ ಮಾಟಕ್ಕೆ ಹೆಸರಾದ ಸಿಕಿಹೋರ್ ದ್ವೀಪದೋಳು. ಅಂಥ ಮನೆಯೋರ ಕಣ್ಣಲ್ಲಿ ನೀರು ಹಾಕಿಸ್ಬೇಡಿ.”

ಸಾಂತ ರೀಟಾ ಲಾಡ್ಜಿನ ಮುದಿ ಗುಮಾಸ್ತ ತೆಬಾನ್ ಬಾಗಿಲ ಚೌಕಟ್ಟಿಗೆ ಕೈಯಾನಿಸಿ ಇಷ್ಟು ಹೇಳುವಷ್ಟರಲ್ಲಿ ಬೆವತುಹೋಗಿದ್ದ. ಕೋಣೆಯೊಳಗಿದ್ದ ಅರ್ಸೆನಿಯೊಗೆ ನಗು ಬಂತು. ಮನಿಲಾದಿಂದ ಸೆಬು ಪಟ್ಟಣಕ್ಕೆ ಕರೋಕೆ ಯಂತ್ರ ಮಾರಲು ಬಂದವನು ಅವನು. ಬಾಯೇ ಅವನ ಬಂಡವಾಳ. ಅಂಗಡಿ ಮುಂದೆ ತಾನೇ ಮೈಕು ಹಿಡಿದು ನಾಲ್ಕು ಸಾಲು ಹಾಡಿದನೆಂದರೆ ದಾರಿಹೋಕರೂ ನಿಂತು ಕೇಳುವಂಥ ಕಂಠ.

“ನಿಮ್ಮ ಮಾಟದಜ್ಜಿಗೆ ಹಾಡೋಕೆ ಬರುತ್ತಾ ತಾತ? ಬಂದ್ರೆ ಹೇಳು, ಕಂತಿನ ಮೇಲೆ ಒಂದು ಮಿಷಿನ್ ಕೊಡ್ತೀನಿ.”

ತೆಬಾನ್ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡು ಮೆಟ್ಟಿಲಿಳಿದು ಹೋದ.

ಕೆಳಗೆ ಗದ್ದಲ ನಡೆದೇ ಇತ್ತು. ಅದನ್ನು ಎಬ್ಬಿಸಿದವನು ಅರ್ಸೆನಿಯೊನೇ. ಬೆಳಿಗ್ಗೆ ಸ್ನಾನ ಮುಗಿಸಿ ಬಂದಾಗ ಕೈಗಡಿಯಾರ ಕಾಣಲಿಲ್ಲ. ಕೋಣೆಗೆ ಬಂದುಹೋದವಳು ಕಸ ಗುಡಿಸುವ ಮೆರ್ಲಿ ಒಬ್ಬಳೇ. ಮೂರು ಮಹಡಿಗೂ ಕೇಳುವಂತೆ ‘ಕಳ್ಳಿ’ ಎಂದು ಕೂಗಿ ಅವಳನ್ನು ಕಾವಲುಗಾರನ ಕೈಗೆ ಒಪ್ಪಿಸಿದ್ದ. ಮಾಲೀಕನೇ ಪೊಲೀಸರಿಗೆ ಫೋನು ಮಾಡಿದ್ದ.

ಈಗ ಕೆಳಗಿಳಿಯಲೆಂದು ಬೂಟಿಗೆ ಕಾಲು ತೂರಿಸಿದ. ಬೆರಳಿಗೆ ಏನೋ ಗಟ್ಟಿಯಾಗಿ ತಗುಲಿತು.

ಗಡಿಯಾರ. ನಿನ್ನೆ ಬಿಯರಿನ ಅಮಲಿನಲ್ಲಿ, ಲಾಡ್ಜಿನವರ ಮೇಲೆ ನಂಬಿಕೆಯಿಲ್ಲದೆ, ಅವನೇ ಅದನ್ನು ಕಾಲುಚೀಲದಲ್ಲಿ ಸುತ್ತಿ ಬೂಟಿನ ಮೂತಿಗೆ ತುರುಕಿಟ್ಟಿದ್ದ.

ಮಂಚದ ಅಂಚಿನಲ್ಲಿ ಕುಳಿತೇ ಇದ್ದ. ಮೆಟ್ಟಿಲ ಸಂದಿಯಿಂದ ಒಣಮೀನು ಹುರಿದ ವಾಸನೆಯ ಜೊತೆಗೆ ಮೆರ್ಲಿಯ ಅಳು ಮೇಲಕ್ಕೆ ಬರುತ್ತಿತ್ತು. “ರವಿಕೆಯೊಳಗೆ ನೋಡಿದ್ರಾ?” ಎಂದು ಯಾರೋ ಕೇಳಿದರು. ಯಾರೋ ನಕ್ಕರು. ಎದ್ದು ಹೋಗಿ ಹೇಳಿದರೆ ಮುಗಿಯುತ್ತಿತ್ತು. ಆದರೆ ಅಷ್ಟು ಜನರ ಮುಂದೆ, ಅಷ್ಟು ಕೂಗಾಡಿದ ಮೇಲೆ, ಬೂಟಿನಲ್ಲಿತ್ತು ಎನ್ನುವುದು ಹೇಗೆ? ಸಂಜೆಯೊಳಗೆ ಹೇಗೂ ಬಿಟ್ಟುಬಿಡುತ್ತಾರೆ ಎಂದುಕೊಂಡು ಗಡಿಯಾರವನ್ನು ಪ್ಯಾಂಟಿನ ಜೇಬಿಗಿಳಿಸಿ ಕೆಳಗೆ ಬಂದ.

ಮೆರ್ಲಿ ಗೋಡೆಗೆ ಒರಗಿ ನಿಂತಿದ್ದಳು. ಸಮವಸ್ತ್ರದ ಎದೆಭಾಗ ಒದ್ದೆಯಾಗಿತ್ತು.

“ಸರ್, ಮನೇಲಿ ಕೂಸಿದೆ. ಹಾಲು ಕುಡಿಸೋ ಹೊತ್ತಾಯ್ತು. ನಾನಲ್ಲ ಅಂತ ಒಂದು ಮಾತು ಹೇಳಿ ಸರ್.”

ಜೇಬಿನಲ್ಲಿದ್ದ ಅವನ ಕೈ ಗಡಿಯಾರದ ಮೇಲೆಯೇ ಇತ್ತು.

“ಪೊಲೀಸ್ನೋರು ವಿಚಾರಿಸ್ಕೊಳ್ತಾರೆ” ಎಂದು ಅವಳನ್ನು ಬಳಸಿಕೊಂಡು ಬೀದಿಗಿಳಿದ.

ಅವನು ಮತ್ತೆ ಸೆಬುವಿಗೆ ಬಂದದ್ದು ಕೆಲವು ತಿಂಗಳ ಮೇಲೆ, ಜನವರಿಯಲ್ಲಿ. ಸಾಂತೊ ನಿನ್ಯೊ, ಬಾಲಯೇಸುವಿನ ಹಬ್ಬದ ವಾರ. ಬೀದಿಬೀದಿಯಲ್ಲೂ ಡೋಲಿನವರು, ಕುಣಿತದವರು. ಹೋದ ಕಡೆಯೆಲ್ಲ ಕೋಣೆ ಇಲ್ಲ ಎಂದರು. ಕಡೆಗೆ ಪೆಟ್ಟಿಗೆ ಹೊತ್ತು ಸಾಂತ ರೀಟಾದ ಮೆಟ್ಟಿಲನ್ನೇ ಹತ್ತಿದ. ಅವನನ್ನು ನೋಡಿದ್ದೇ ತೆಬಾನ್ ಕುರ್ಚಿಯಿಂದ ಎದ್ದುಬಿಟ್ಟ. ಕಣ್ಣು ನೇರವಾಗಿ ಅರ್ಸೆನಿಯೊನ ಮಣಿಕಟ್ಟಿನ ಗಡಿಯಾರಕ್ಕೆ ಹೋಯಿತು.

“ಸಿಕ್ತಾ ಸರ್?”

“ಇದು ಬೇರೆ. ಹೊಸದು.”

ಹೇಳಿದ ಕ್ಷಣವೇ ಗಂಟಲಲ್ಲಿ ಏನೋ ಕಚಗುಳಿಯಿಟ್ಟಂತಾಯಿತು. ಕೆಮ್ಮಿ ಸರಿಮಾಡಿಕೊಂಡ.

ತೆಬಾನ್ ದನಿ ತಗ್ಗಿಸಿದ. “ಇಲ್ಲಿ ಉಳ್ಕೋಬೇಡಿ ಸರ್. ಚರ್ಚಿನ ಜಗಲಿ ಮೇಲಾದ್ರೂ ಮಲಗಿ. ಮೆರ್ಲಿಯನ್ನ ಮೂರು ವಾರ ಒಳಗಿಟ್ಟಿದ್ರು. ಎದೆಹಾಲಿನ ಕೂಸು. ಅಜ್ಜಿ ಗಂಜಿ ತಿಳಿ ಕುಡಿಸಿ ನೋಡಿದ್ಲು, ಜ್ವರ ಬಂತು. ತಾಯಿ ಬರೋ ಹೊತ್ತಿಗೆ ಮಣ್ಣು ಮಾಡಿ ಆಗಿತ್ತು.”

ಅರ್ಸೆನಿಯೊ ಅಂಗಿಯ ತೋಳನ್ನು ಮಣಿಕಟ್ಟಿನ ಮೇಲೆ ಎಳೆದುಕೊಂಡ. ಮರುಕ್ಷಣವೇ ಸಿಟ್ಟು ಬಂತು. “ಕೂಸಿಗೆ ಜ್ವರ ಬಂದ್ರೆ ನಾನೇನ್ ಮಾಡ್ಲಿ? ಡಾಕ್ಟರಾ ನಾನು? ಬೀಗದ ಕೈ ಕೊಡಯ್ಯ.”

“ಕೊಡ್ತೀನಿ. ಇನ್ನೊಂದು ಮಾತು ಕೇಳ್ಬಿಡಿ. ಆವತ್ತು ನಿಮ್ ಕೋಣೆ ಬಟ್ಟೆ ಒಗೆಯೋಕೆ ಹಾಕುವಾಗ ತಲೆದಿಂಬಿನ ಹೊದಿಕೆ ಇರ್ಲಿಲ್ಲ. ನಿಮ್ ಕೂದ್ಲು, ನಿಮ್ ಬೆವರು, ನಿಮ್ ಜೊಲ್ಲು ಇರೋ ಬಟ್ಟೆ ಅದು, ಮಾಟಕ್ಕೆ ಅಷ್ಟು ಸಾಕು. ಜೈಲಿಂದ ಬಂದ ದಿನ ಅವಳು ಸಂಬಳ ಕೇಳ್ಲಿಲ್ಲ ಸರ್. ಆವತ್ತು ಪೊಲೀಸ್ನೋರು ಬರೋ ಮುಂಚೆ ಬಚ್ಚಿಟ್ಟಿದ್ದ ಜಾಗದಿಂದ ಅದನ್ನ ತಗೊಂಡು ಹೋದ್ಲು.”

“ಹಳೇ ಹೊದಿಕೆ ಕದ್ದೋಳು ಗಡಿಯಾರ ಕದಿಯಲ್ವಾ?” ಎಂದು ಅರ್ಸೆನಿಯೊ ಬೀಗದ ಕೈಯನ್ನು ತಾನೇ ಮೊಳೆಯಿಂದ ಕಿತ್ತುಕೊಂಡ.

ಮರುದಿನ ಬೆಳಿಗ್ಗೆ ಕೊಲೊನ್ ಬೀದಿಯ ಅಂಗಡಿಯೊಂದರಲ್ಲಿ ಯಂತ್ರ ಜೋಡಿಸಿ, “ನೇರ ಜಪಾನಿಂದ ಬಂದಿದ್ದು ಅಕ್ಕ, ಇನ್ನೂ ಯಾರ ಕೈಯೂ ಮುಟ್ಟಿಲ್ಲ” ಎಂದ. ಅದು ಎರಡು ಕೈ ದಾಟಿ ರಿಪೇರಿಯಾಗಿ ಬಂದ ಯಂತ್ರ. ಮಾತು ಮುಗಿಯುತ್ತಿದ್ದಂತೆ ಗಂಟಲು ಕೆರೆಯಿತು. ಕೆಮ್ಮಿದ. ಕೆಮ್ಮು ನಿಲ್ಲಲಿಲ್ಲ. ಆನ್ ಆಗಿದ್ದ ಮೈಕು ಆ ಕೆಮ್ಮನ್ನು ಇಡೀ ಬೀದಿಗೆ ಕೇಳಿಸಿತು. ಕರವಸ್ತ್ರವನ್ನು ಬಾಯಿಗೊತ್ತಿಕೊಂಡು ಅದರೊಳಕ್ಕೆ ಏನನ್ನೋ ಉಗಿದ.

ಕಪ್ಪು ಹುಳು. ಹುಣಸೆ ಬೀಜದಷ್ಟು ದೊಡ್ಡದು. ಬದುಕಿತ್ತು. ಹಿಂಗಾಲಿಗೆ ಕೂದಲಿನಷ್ಟು ತೆಳ್ಳಗಿನ ಕೆಂಪು ದಾರ ಕಟ್ಟಿತ್ತು. ಗಂಟು ಅಚ್ಚುಕಟ್ಟಾಗಿತ್ತು, ಯಾರೋ ಪುರುಸೊತ್ತಿನಲ್ಲಿ ಕುಳಿತು ಕಟ್ಟಿದ್ದರು.

ಅಂಗಡಿಯವಳು ಕಿರುಚಿ ಹಿಂದೆ ಸರಿದಳು. ಅರ್ಸೆನಿಯೊ ಯಂತ್ರವನ್ನು ಅಲ್ಲೇ ಬಿಟ್ಟು ಲಾಡ್ಜಿಗೆ ಓಡಿದ.

ನಡುಮಧ್ಯಾಹ್ನ. ಕಿಟಕಿಯೇ ಇಲ್ಲದ ಕೋಣೆ. ಬ್ಲೀಚಿಂಗ್ ಪುಡಿಯ ಘಾಟು, ಅದರಡಿಯಲ್ಲಿ ಹಳೆಯ ಹಾಸಿಗೆಯ ಮುಗ್ಗಲು ವಾಸನೆ. ನೀರು ಬಾಯಿಗೆ ಸುರಿದುಕೊಂಡು ಮುಕ್ಕಳಿಸಿ ಮುಕ್ಕಳಿಸಿ ಉಗಿದ. ಕುಡಿದ ನೀರಿನಲ್ಲಿತ್ತು, ಅಷ್ಟೇ, ಎಂದು ಗಟ್ಟಿಯಾಗಿ ತನಗೇ ಹೇಳಿಕೊಂಡ. ಅದೂ ಸುಳ್ಳು. ಗಂಟಲು ಮತ್ತೆ ಮಿಸುಕಿತು.

ಕರೆಂಟು ಹೋಯಿತು.

ಹಾಡುಹಗಲಿನಲ್ಲಿ ಅಂಥ ಕತ್ತಲನ್ನು ಅವನು ಕಂಡಿರಲಿಲ್ಲ. ತನ್ನ ಕೈ ತನಗೆ ಕಾಣದು. ಹೊರಗೆ ಎಲ್ಲೋ ದೂರದಲ್ಲಿ ಹಬ್ಬದ ಡೋಲು. ಒಳಗೆ ಗುಂಯ್ ಎಂಬ ಸದ್ದು. ಫ್ಯಾನು ಎಂದುಕೊಂಡ. ಫ್ಯಾನು ನಿಂತಿತ್ತು. ಗೋಡೆಗೆ ಕಿವಿಯಿಟ್ಟ. ಗೋಡೆ ಸುಮ್ಮನಿತ್ತು. ಸದ್ದು ಅವನೊಳಗಿತ್ತು. ಎದೆಗೂಡಿನಲ್ಲಿ. ಮೇಲಕ್ಕೆ ಬರುತ್ತಿತ್ತು. ಕತ್ತಿನ ಚರ್ಮದಡಿ ಏನೋ ಹರಿಯಿತು. ಕೈಯಿಂದ ಒತ್ತಿ ಹಿಡಿದ. ಅದು ಬೆರಳ ಸಂದಿಯಲ್ಲಿ ದಾರಿ ಮಾಡಿಕೊಂಡಿತು. ಕಿರುಚಲು ಬಾಯಿ ತೆರೆದ. ದನಿ ಬರಲಿಲ್ಲ. ರೆಕ್ಕೆ ಬಂತು. ನಾಲಗೆಯ ಮೇಲೆ ಮುಳ್ಳುಕಾಲು. ಹಲ್ಲಿನ ನಡುವೆ ಚಿಪ್ಪು ಒಡೆದ ಸದ್ದು. ಕಹಿ. ಇನ್ನೊಂದು. ಮತ್ತೊಂದು. ತುಟಿಯ ಮೇಲೆ, ಮೂಗಿನ ಹೊಳ್ಳೆಯಲ್ಲಿ, ಕಣ್ಣಿನ ಕೊನೆಯಲ್ಲಿ. ಉಸಿರಿಲ್ಲ. ಬಾಗಿಲೆಲ್ಲಿ? ಗೋಡೆ. ಗೋಡೆ. ಮಂಚ. ಗೋಡೆ.

ಬಾಗಿಲು ಹೊರಗಿನಿಂದ ತೆರೆಯಿತು. ಮೇಣದಬತ್ತಿ ಹಿಡಿದ ತೆಬಾನ್ ನಿಂತಿದ್ದ. ನೆಲದ ಮೇಲೆ ಕಪ್ಪಗೆ ಏನೇನೋ ಹರಿದಾಡುತ್ತಿದ್ದವು. ಪ್ರತಿಯೊಂದೂ ಕೆಂಪು ಎಳೆಯೊಂದನ್ನು ಎಳೆದುಕೊಂಡು ಹೋಗುತ್ತಿತ್ತು.

“ಬಾರಾಂಗ್” ಎಂದ ತೆಬಾನ್. “ಹುಳು ಬಿಡೋ ಮಾಟ. ಡಾಕ್ಟರ ಹತ್ರ ಹೋಗಿ ಪ್ರಯೋಜನ ಇಲ್ಲ ಸರ್. ಗುಡ್ಡದ ಮೇಲೆ ಮೆರ್ಲಿ ಅಜ್ಜಿ ಸೆಪಾ ಮನೆಗೆ ಹೋಗಿ. ಕಾಲು ಹಿಡ್ಕೊಳ್ಳಿ. ಮತ್ತೆ ದಾರೀಲಿ ಯಾರ ಹತ್ರಾನೂ ಸುಳ್ಳಾಡ್ಬೇಡಿ.”

ಪಟ್ಟಣದ ಹಿಂದಿನ ಗುಡ್ಡದಲ್ಲಿ ತಗಡಿನ ಮನೆ. ಅಂಗಳದಲ್ಲಿ ಕೋಳಿಗಳು, ರಾಳದ ಹೊಗೆ. ಸೆಪಾ ಅಜ್ಜಿ ಅವನನ್ನು ಯಾರೆಂದು ಕೇಳಲಿಲ್ಲ. ಮೋಟು ಬೆಂಚಿನ ಮೇಲೆ ಕೂರಿಸಿ, ಗಾಜಿನ ಲೋಟದ ತುಂಬ ತಿಳಿನೀರು ತುಂಬಿ, ಒಳಗೊಂದು ಕರಿಕಲ್ಲು ಹಾಕಿದಳು. ಬಿದಿರಿನ ಕೊಳವೆಯಿಂದ ಆ ನೀರಿಗೆ ಊದುತ್ತ ಲೋಟವನ್ನು ಅವನ ಹೊಟ್ಟೆಯಿಂದ ಎದೆಗೆ, ಎದೆಯಿಂದ ಗಂಟಲಿಗೆ ಆಡಿಸಿದಳು. ಗಂಟಲ ಬಳಿ ಬಂದಾಗ ನೀರು ಕದಡಿತು. ಕಂದು ಬಣ್ಣಕ್ಕೆ ತಿರುಗಿತು. ಆಮೇಲೆ ಇಂಗಾಳದಂತೆ ಕಪ್ಪಾಯಿತು.

ಅಜ್ಜಿ ಲೋಟ ಕೆಳಗಿಟ್ಟಳು. “ನಾನು ಹುಳು ತೆಗೆಯೋಳು ಮಗಾ, ಬಿಡೋಳಲ್ಲ. ಬೇಡ ಕಣೇ ಅಂತ ಅವಳ ಕಾಲಿಗೂ ಬಿದ್ದೆ. ನನ್ನ ಮಾತು ಮೀರಿ ದೋಣಿ ಹತ್ತಿ ನಮ್ಮೂರಿಗೆ ಹೋಗಿ ಮಾಡಿಸ್ಕೊಂಡು ಬಂದ್ಲು. ಮಾಡಿಸಿದೋಳು ಒಪ್ಪದೆ ನನ್ನ ಕೈಲಿ ಬಿಡಿಸೋಕಾಗಲ್ಲ.” ಒಳಕ್ಕೆ ತಿರುಗಿ ಕೂಗಿದಳು. “ಮೆರ್ಲಿ, ಬಾರವ್ವ. ಬಂದಿದ್ದಾನೆ.”

ಮೆರ್ಲಿ ಪರದೆ ಸರಿಸಿ ಬಂದಳು. ಸೊರಗಿದ್ದಳು. ಮುಖದಲ್ಲಿ ಸಿಟ್ಟಿರಲಿಲ್ಲ; ಅದು ಅವನನ್ನು ಇನ್ನಷ್ಟು ಹೆದರಿಸಿತು. ಎದುರಿಗೇ ನೆಲದ ಮೇಲೆ ಕುಳಿತಳು.

“ತಪ್ಪಾಯ್ತು” ಎಂದ ಅರ್ಸೆನಿಯೊ. ದನಿ ಒಡೆದಿತ್ತು. “ಏನ್ ಬೇಕಾದ್ರೂ ಕೇಳು.”

“ಏನೂ ಬೇಡ. ಒಂದೇ ಮಾತು ಕೇಳ್ತೀನಿ, ನಿಜ ಹೇಳು. ಹೇಳಿದ್ರೆ ಈಗ್ಲೇ ಬಿಡಿಸ್ತೀನಿ. ನನ್ ಕೂಸು ಮಲಗಿರೋ ಮಣ್ಣಿನ ಮೇಲಾಣೆ.” ಅವಳು ಅವನ ಮಣಿಕಟ್ಟನ್ನು ನೋಡುತ್ತ ಕೇಳಿದಳು. “ಗಡಿಯಾರ ನಿಂಗೆ ಯಾವಾಗ ಸಿಕ್ತು?”

ಅರ್ಸೆನಿಯೊಗೆ ಮೆಟ್ಟಿಲು ಕಂಡಿತು, ಒದ್ದೆಯಾದ ಸಮವಸ್ತ್ರ ಕಂಡಿತು. ನಿಜ ನಾಲಗೆಯ ತುದಿಗೆ ಬಂದಿತ್ತು. ಆದರೆ ಅಜ್ಜಿಯ ಪಕ್ಕದಲ್ಲಿ ಸೌದೆ ಸೀಳುವ ಕತ್ತಿ ಬಿದ್ದಿತ್ತು. ಜೇಬಿನಲ್ಲಿ ಗಡಿಯಾರ ಇಟ್ಟುಕೊಂಡು ನಿನ್ನ ಮುಂದೆಯೇ ಹಾದುಹೋದೆ ಎಂದು ಯಾವ ತಾಯಿಯ ಮುಂದೆ ಹೇಳುವುದು? ಹೇಳಿದರೆ ಇವಳು ಬಿಟ್ಟಾಳೆಯೇ? ಇಷ್ಟು ವರ್ಷ ಕಾಪಾಡಿದ ಬಾಯಿ ಇದೊಂದು ಸಲ ಕಾಪಾಡದೇ?

“ಮನಿಲಾಗೆ ಹೋದ್ಮೇಲೆ” ಎಂದ. “ಬ್ಯಾಗಿನ ತಳದಲ್ಲಿ. ಗೊತ್ತಾಗಿದ್ರೆ ಆವತ್ತೇ ಹೇಳ್ತಿರ್ಲಿಲ್ವಾ ತಂಗೀ?”

ಅಜ್ಜಿ ಕಣ್ಣು ಮುಚ್ಚಿಕೊಂಡಳು.

“ಆವತ್ತು ನೀನು ನನ್ ಮುಂದೆ ನಿಂತಿದ್ದೆ” ಎಂದಳು ಮೆರ್ಲಿ ಮೆಲ್ಲಗೆ. “ನಿನ್ ಜೇಬಲ್ಲಿ ಅದು ಬೀಪ್ ಬೀಪ್ ಅಂತು. ಗಂಟೆಗೊಂದ್ಸಲ ಕೂಗುತ್ತೆ. ವಾರ ಪೂರ್ತಿ ನಿನ್ ಕೋಣೆ ಗುಡಿಸಿದ್ದೀನಿ, ಆ ಸದ್ದು ನಂಗೆ ಗೊತ್ತಿಲ್ವಾ? ನೀನು ಬೀದಿಗಿಳಿದು ಹೋದ್ಮೇಲೆ, ಅವನ ಜೇಬಲ್ಲೇ ಇದೆ ಅಂತ ಕೂಗಿದೆ. ಯಾರೂ ಕಿವಿಗೆ ಹಾಕ್ಕೊಳ್ಲಿಲ್ಲ.”

ಅವಳು ಎದ್ದು ಲೋಟದ ಕಪ್ಪುನೀರನ್ನು ಅವನ ಕಾಲ ಬಳಿ ಚೆಲ್ಲಿ ಒಳಗೆ ಹೋದಳು. ಅರ್ಸೆನಿಯೊ ‘ಹೌದು’ ಎನ್ನಲು ಹೋದ. ಬೂಟಿನಲ್ಲಿತ್ತು, ಹೌದು, ಆವತ್ತೇ ಸಿಕ್ಕಿತ್ತು ಎನ್ನಲು ಬಾಯಿ ತೆರೆದ. ಗಂಟಲಿನೊಳಗೆ ಬಾಗಿಲೊಂದು ಮುಚ್ಚಿಕೊಂಡಿತು. ಒಂದಕ್ಷರ ಹೊರಡಲಿಲ್ಲ. ಗುಂಯ್‌ಗುಡುವ ಸದ್ದು ಮಾತ್ರ ಬಂತು.

“ಹೋಗಪ್ಪ” ಎಂದಳು ಅಜ್ಜಿ, ಕಣ್ಣು ತೆರೆಯದೆ. “ಅವಳು ಕೊಟ್ಟಿದ್ದು ಅದೊಂದೇ ಬಾಗಿಲು.”

ಗುಡ್ಡದಿಂದ ಓಡಿದ. ಚರ್ಚಿಗೆ ಹೋದರೆ, ದೇವರ ಮುಂದೆ ಬಿದ್ದರೆ, ಎಂದು ಓಡಿದ. ಬೀದಿ ತುಂಬ ಜನ. ಡೋಲಿನ ಸದ್ದಿಗೆ ನೆಲ ಅದುರುತ್ತಿತ್ತು. “ಪಿತ್ ಸೆನ್ಯೋರ್!” ಎಂದು ಸಾವಿರ ಕಂಠಗಳು ಬಾಲಯೇಸುವಿಗೆ ಜೈಕಾರ ಕೂಗುತ್ತಿದ್ದವು. ಸುಟ್ಟ ಹಂದಿಮಾಂಸ, ಮೇಣ, ಬೆವರಿನ ವಾಸನೆ. ನೂಕುನುಗ್ಗಲಿನಲ್ಲಿ ಮುಗ್ಗರಿಸಿ ಬುಟ್ಟಿ ಹೊತ್ತ ಹೆಂಗಸೊಬ್ಬಳ ಮೇಲೆ ಬಿದ್ದ. ತೆಂಗಿನ ಗರಿಯಲ್ಲಿ ಕಟ್ಟಿದ ಅನ್ನದ ಪೊಟ್ಟಣಗಳು ಚೆಲ್ಲಾಪಿಲ್ಲಿಯಾದವು. ಅವನು ಕೈಯೂರಿ ಏಳುವಷ್ಟರಲ್ಲಿ ಅವಳು ಸೊಂಟ ಮುಟ್ಟಿ ನೋಡಿಕೊಂಡಳು.

“ನನ್ ಪರ್ಸು! ಕಳ್ಳ! ಹಿಡೀರಿ, ಕಳ್ಳ!”

ಕೈಗಳು. ಕೊರಳಪಟ್ಟಿ ಹರಿಯಿತು. ಅವನು ತಲೆಯಾಡಿಸಿದ. ಅಲ್ಲ, ನಾನಲ್ಲ.

“ಹಾಗಾದ್ರೆ ಬಾಯಿಬಿಟ್ಟು ಹೇಳೋ! ಬಾಯಿಲ್ವಾ ನಿಂಗೆ?”

“ಕದ್ದೋನು ಏನಂತಾನೆ? ಬಿಚ್ಚಿ ನೋಡ್ರೋ!”

ಜೇಬು ಹರಿದರು. ಅಂಗಿ ಕಿತ್ತರು. ಪ್ಯಾಂಟು ಎಳೆದರು. ಯಾರೋ ನಕ್ಕರು. ಯಾರದೋ ಮುಷ್ಟಿ ಬಾಯಿಗೆ ಬಿತ್ತು. ತುಟಿಯೊಡೆದು ರಕ್ತ ಬಂತು. ರಕ್ತದ ಜೊತೆ ಕಪ್ಪಗಿನದೊಂದು ಜಾರಿ ಬಿದ್ದು ಜನರ ಕಾಲಡಿ ಅಪ್ಪಚ್ಚಿಯಾಯಿತು. ಯಾರೂ ನೋಡಲಿಲ್ಲ. ಪರ್ಸು ಸಿಗಲಿಲ್ಲ. “ಜೊತೆಗಾರನಿಗೆ ದಾಟಿಸಿದ್ದಾನೆ” ಎಂದನೊಬ್ಬ. ಎಲ್ಲರೂ ಹೌದೆಂದರು. ಅವನು ಮಂಡಿಯೂರಿ ಕೈಮುಗಿದ. ಅವನ ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು.

ಪೊಲೀಸ್ ಜೀಪು ಬಂತು. ಕೈಗೆ ಬೇಡಿ ಬಿತ್ತು. ಜೀಪಿನ ಹಿಂಬದಿಗೆ ನೂಕುವಾಗ ಅರ್ಸೆನಿಯೊ ಆ ಹೆಂಗಸಿನ ಕಡೆ ತಿರುಗಿ ನೋಡಿದ. ಅವಳು ಕುಕ್ಕರಗಾಲಲ್ಲಿ ಕುಳಿತು ಪೊಟ್ಟಣಗಳನ್ನು ಬುಟ್ಟಿಗೆ ತುಂಬುತ್ತಿದ್ದಳು. ಬುಟ್ಟಿಯ ತಳಕ್ಕೆ ಹೋದ ಅವಳ ಕೈ ತಟ್ಟನೆ ನಿಂತಿತು. ಬೆರಳುಗಳ ಸಂದಿಯಲ್ಲಿ ಹಸಿರು ಪರ್ಸಿನ ಅಂಚು.

ಅವಳು ತಲೆಯೆತ್ತಿದಳು. ಇಬ್ಬರ ಕಣ್ಣೂ ಕೂಡಿದವು. ಅವಳು ತನಗಾಗಿ ಹೊಡೆದ ಜನರನ್ನು ನೋಡಿದಳು, ಅವನ ಹರಿದ ಬಟ್ಟೆಯನ್ನು ನೋಡಿದಳು, ಒಡೆದ ತುಟಿಯನ್ನು ನೋಡಿದಳು. ಮೆಲ್ಲಗೆ ಬುಟ್ಟಿಯ ಮೇಲೆ ಬಟ್ಟೆ ಎಳೆದು ಮುಚ್ಚಿದಳು.

“ಇನ್ನೂ ಏನ್ ನೋಡ್ತಾ ನಿಂತಿದ್ದೀರಿ?” ಎಂದಳು ಪೊಲೀಸನಿಗೆ. “ಕರ್ಕೊಂಡು ಹೋಗಿ.”